ಸ್ವರ ಹುಟ್ಟುವುದು ಬೆರಳಿನಲ್ಲೋ, ಬಾಯಲ್ಲೋ?

ನಮ್ಮ ಪಕ್ಕದ ಮನೆಯ ಅಜ್ಜ ಸುಮಾರು ಐವತ್ತು ವರ್ಷ ಊದಿದವರು. ಮೊದಲು ನಾಗಸ್ವರ, ಆಮೇಲೆ ಸ್ಯಾಕ್ಸೋಫೋನ್. ಮದುವೆ, ದೇವಸ್ಥಾನದ ಉತ್ಸವ, ನೇಮ, ಎಲ್ಲಿ ಕರೆದರೂ ಹೋದವರು. ಕಳೆದ ಮಳೆಗಾಲದಲ್ಲಿ ಅವರ ಮುಂದಿನ ಎರಡು ಹಲ್ಲು ಹೋದವು. ಅಷ್ಟೇ, ಊದುವುದೂ ನಿಂತಿತು.

"ಬೆರಳು ಗಟ್ಟಿ ಇದೆ, ಉಸಿರೂ ಇದೆ. ಹಲ್ಲಿಗೂ ರಾಗಕ್ಕೂ ಏನು ಸಂಬಂಧ ಅಜ್ಜ?" ಎಂದು ಕೇಳಿದೆ.

ಅವರು ನಕ್ಕರು. "ಬೆರಳು ಸ್ವರದ ಮನೆ ತೋರಿಸ್ತದೆ ಮಾರಾಯ. ಬಾಗಿಲು ತೆಗೆಯುವುದು ಬಾಯಿ."

ಚಂದದ ಮಾತು ಅಂತ ಬರೆದಿಟ್ಟುಕೊಂಡೆ. ಆಮೇಲೆ ಓದುತ್ತಾ ಹೋದಾಗ ತಿಳಿಯಿತು, ಅದು ಬರೀ ಚಂದದ ಮಾತಲ್ಲ. ಊದುವವರೆಲ್ಲ ತಲೆಮಾರುಗಳಿಂದ ಹೇಳುತ್ತಿದ್ದ ಈ ವಿಷಯದ ಮೇಲೆ ವಿಜ್ಞಾನಿಗಳು ವರ್ಷಗಟ್ಟಲೆ ಜಗಳವಾಡಿದ್ದಾರೆ. ಒಬ್ಬರು ಹೌದು ಎಂದರೆ ಇನ್ನೊಬ್ಬರು ಸುಳ್ಳು ಎಂದಿದ್ದಾರೆ. ಗಟ್ಟಿಯಾದ ಅಳತೆ ಸಿಕ್ಕಿದ್ದು 2008ರಲ್ಲಿ.

ಆ ಕಥೆಗೆ ಹೋಗುವ ಮೊದಲು ನಾವೆಲ್ಲ ಚಿಕ್ಕಂದಿನಲ್ಲಿ ಮಾಡಿದ ಪೀಪಿಯನ್ನು ನೆನಪು ಮಾಡಿಕೊಳ್ಳೋಣ. ತೆಂಗಿನ ಗರಿಯನ್ನು ಸುತ್ತಿ ಸುತ್ತಿ, ಒಂದು ಕಡೆ ಸಣ್ಣ, ಇನ್ನೊಂದು ಕಡೆ ಅಗಲ ಮಾಡಿ, ಸಣ್ಣ ತುದಿಯನ್ನು ಚಪ್ಪಟೆ ಒತ್ತಿ ಊದುತ್ತಿದ್ದೆವಲ್ಲ, ಆಟದ ಸಾಮಾನಾದರೂ ಅದು ನಾಗಸ್ವರದ ತಮ್ಮನೇ. ಶಹನಾಯಿ, ಮುಖವೀಣೆ, ನಾಗಸ್ವರ ಎಲ್ಲದರ ಲೆಕ್ಕವೂ ಅಷ್ಟೇ: ಒಂದಕ್ಕೊಂದು ತಾಗಿಕೊಂಡ ಎರಡು ತೆಳು ಪಟ್ಟಿ, ಅದರ ಹಿಂದೆ ಅಗಲವಾಗುತ್ತಾ ಹೋಗುವ ಕೊಳವೆ. ಪಟ್ಟಿಗೆ ಇಂಗ್ಲಿಷಿನಲ್ಲಿ ರೀಡ್ ಎನ್ನುತ್ತಾರೆ, ಈಗ ನಮ್ಮ ವಾದಕರೂ ಹಾಗೇ ಹೇಳುತ್ತಾರೆ.

ರೀಡ್ ಒಂದು ಬಾಗಿಲಿನ ಹಾಗೆ. ಊದಿದಾಗ ಅದು ಮುಚ್ಚುತ್ತದೆ, ತೆರೆಯುತ್ತದೆ, ಮತ್ತೆ ಮುಚ್ಚುತ್ತದೆ. ಒಂದು ಸೆಕೆಂಡಿಗೆ ಇನ್ನೂರು, ಮುನ್ನೂರು, ಐನೂರು ಸಲ. ಪ್ರತಿ ಸಲ ಗಾಳಿಯ ಒಂದು ತಳ್ಳು ಕೊಳವೆಯೊಳಗೆ ಓಡಿ, ತೆರೆದ ಜಾಗ ತಲುಪಿ, ಅಲ್ಲಿಂದ ವಾಪಸ್ ಬಂದು ಬಾಗಿಲನ್ನು ಅಲ್ಲಾಡಿಸುತ್ತದೆ. ಹೋಗಿ ಬರುವ ದಾರಿ ಉದ್ದವಾದರೆ ಸ್ವರ ತಗ್ಗು, ಗಿಡ್ಡವಾದರೆ ಎತ್ತರ. ಬೆರಳೆತ್ತಿ ರಂಧ್ರ ಬಿಟ್ಟರೆ ದಾರಿ ಗಿಡ್ಡ. ಬೆರಳಿನ ಕೆಲಸ ಇಷ್ಟು.

ಕೊಳವೆಯ ಆಕಾರವೂ ಲೆಕ್ಕಕ್ಕೆ ಬರುತ್ತದೆ. ಪರಂಗಿ ಎಲೆಯ ದಂಟಿನಲ್ಲೂ ಪೀಪಿ ಮಾಡುತ್ತಿದ್ದೆವು. ಅದು ಒಂದೇ ಅಗಲದ ಕೊಳವೆ, ಕ್ಲಾರಿನೆಟ್‌ನ ಜಾತಿ. ಅಗಲವಾಗುತ್ತಾ ಹೋಗುವ ನಾಗಸ್ವರದಲ್ಲಿ ಕೆಳಗಿನ ಷಡ್ಜ ಊದುತ್ತಾ ಬೆರಳು ಕದಲಿಸದೆ ಸ್ವರವನ್ನು ಮೇಲಕ್ಕೆ ಹಾರಿಸಿದರೆ ಸಿಗುವುದು ಮೇಲಿನ ಷಡ್ಜ, ಅಂದರೆ ಎರಡು ಪಟ್ಟು ಕಂಪನ. ಕ್ಲಾರಿನೆಟ್‌ನಲ್ಲಿ ಹಾಗೆಯೇ ಹಾರಿಸಿದರೆ ಸಿಗುವುದು ಮೇಲಿನ ಸ್ಥಾಯಿಯ ಪಂಚಮ, ಮೂರು ಪಟ್ಟು. ಒಂದೇ ಬಾಯಿ, ಒಂದೇ ಉಸಿರು, ಕೊಳವೆ ಬೇರೆಯಾದರೆ ಲೆಕ್ಕವೇ ಬೇರೆ. ಇದನ್ನೆಲ್ಲ ನೋಡಿದವರಿಗೆ ಸ್ವರದ ಯಜಮಾನ ಕೊಳವೆಯೇ ಅನ್ನಿಸಿದರೆ ತಪ್ಪಲ್ಲ.

ಬಾಯಿಗೆ ತಾಗದ ರೀಡುಗಳನ್ನು ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಹಾವಾಡಿಗರ ಪುಂಗಿಯಲ್ಲಿ ರೀಡು ಸೋರೆ ಬುರುಡೆಯ ಒಳಗೆ ಅಡಗಿರುತ್ತದೆ. ಊದುವವನ ತುಟಿ ಅದನ್ನು ಮುಟ್ಟುವುದೇ ಇಲ್ಲ. ಹಾರ್ಮೋನಿಯಂನಲ್ಲಂತೂ ಬಾಯಿಯೇ ಬೇಡ, ತಿದಿ ಸಾಕು. ಅದರಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಲು ಆಗುವುದಿಲ್ಲ. ಒಂದು ಮೆಟ್ಟಿಲು ಬಿಟ್ಟು ಇನ್ನೊಂದು ಮೆಟ್ಟಿಲಿಗೆ ಕಾಲಿಡಬೇಕು. ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂಗೆ ನಿಷೇಧ ಹಾಕಿದಾಗ ಕೊಟ್ಟ ಕಾರಣಗಳಲ್ಲಿ ಇದೂ ಒಂದು: ನಮ್ಮ ಸಂಗೀತದ ಗಮಕ, ಮೀಂಡ್ ಅದರಲ್ಲಿ ಬರುವುದಿಲ್ಲ. ಆ ನಿಷೇಧ ಸಡಿಲವಾಗಲು ಮೂವತ್ತು ವರ್ಷ ಬೇಕಾಯಿತು. (ನಮ್ಮ ನಾಟಕ ಕಂಪನಿಗಳ ಹಾರ್ಮೋನಿಯಂ ಮಾಸ್ತರರು ಆ ಮೂವತ್ತು ವರ್ಷವೂ ಬಾರಿಸುತ್ತಲೇ ಇದ್ದರು, ಅದು ಬೇರೆ ಮಾತು.)

ನಾಗಸ್ವರಕ್ಕೆ ಆ ಕಷ್ಟವಿಲ್ಲ. ಬೆರಳಿಗೆ ಏಳು ರಂಧ್ರ. ಅದರ ಕೆಳಗೆ ಇನ್ನೂ ಕೆಲವು ಇರುತ್ತವೆ, ಅವು ಶ್ರುತಿ ಹೊಂದಿಸಲು, ಬೇಕಾದರೆ ಮೇಣ ತುಂಬಿ ಮುಚ್ಚುತ್ತಾರೆ. ಬೆರಳನ್ನು ಅರ್ಧ ಎತ್ತಬಹುದು, ಕಾಲು ಎತ್ತಬಹುದು, ಮೆಲ್ಲಗೆ ಸರಿಸಬಹುದು. ಜೊತೆಗೆ ತುಟಿಯ ಬಿಗಿ ಮತ್ತು ಉಸಿರಿನ ಒತ್ತಡ. ತುಟಿ ಬಿಗಿ ಮಾಡಿದರೆ ಸ್ವರ ಸ್ವಲ್ಪ ಏರುತ್ತದೆ, ಸಡಿಲ ಬಿಟ್ಟರೆ ಇಳಿಯುತ್ತದೆ. ಶಹನಾಯಿಯಲ್ಲೂ ಹೀಗೆಯೇ. 1977ರ 'ಸನಾದಿ ಅಪ್ಪಣ್ಣ' ಸಿನಿಮಾದಲ್ಲಿ ರಾಜ್‌ಕುಮಾರ್ ಹಿಡಿದ ಸನಾದಿಗೆ ಉಸಿರು ಕೊಟ್ಟವರು ಉಸ್ತಾದ್ ಬಿಸ್ಮಿಲ್ಲಾ ಖಾನ್. ಅಲ್ಲಿ ಶಹನಾಯಿ ಅತ್ತ ಹಾಗೆ ಕೇಳಿಸುತ್ತದಲ್ಲ, ಆ ಅಳು ಸ್ವರದಿಂದ ಸ್ವರಕ್ಕೆ ಜಾರುವ ದಾರಿಯಲ್ಲಿದೆ.

ಸ್ಯಾಕ್ಸೋಫೋನ್ ಹುಟ್ಟಿದ್ದು ಈ ಜಾರುವ ದಾರಿಗಾಗಿ ಅಲ್ಲ. ಬೆಲ್ಜಿಯಂನ ದಿನಾಂ ಎಂಬ ಊರಿನಲ್ಲಿ 1814ರಲ್ಲಿ ಹುಟ್ಟಿದ ಅಡಾಲ್ಫ್ ಸ್ಯಾಕ್ಸ್ ವಾದ್ಯ ತಯಾರಿಸುವವರ ಮಗ. ಹಿತ್ತಾಳೆಯ ತುತ್ತೂರಿಯಷ್ಟು ಗಟ್ಟಿ ದನಿ ಬೇಕು, ಆದರೆ ಕ್ಲಾರಿನೆಟ್‌ನಷ್ಟು ಸಲೀಸಾಗಿ ಬೆರಳಾಡಬೇಕು ಎಂಬುದು ಅವನ ಹಠ. ಅಗಲವಾಗುತ್ತಾ ಹೋಗುವ ಹಿತ್ತಾಳೆ ಕೊಳವೆಗೆ ಕ್ಲಾರಿನೆಟ್‌ನಂಥ ಒಂಟಿ ರೀಡ್ ಕೂರಿಸಿ 1846ರಲ್ಲಿ ಪ್ಯಾರಿಸ್‌ನಲ್ಲಿ ಪೇಟೆಂಟ್ ಪಡೆದ. ಫ್ರಾನ್ಸಿನ ಸೈನ್ಯದ ಬ್ಯಾಂಡು ಅದನ್ನು ತೆಗೆದುಕೊಂಡಿತು. ಆತ ಮಾತ್ರ ಎದುರಾಳಿಗಳ ಜೊತೆ ಕೋರ್ಟು ಕಚೇರಿ ಅಲೆದು, ಒಂದಕ್ಕಿಂತ ಹೆಚ್ಚು ಸಲ ದಿವಾಳಿಯಾಗಿ 1894ರಲ್ಲಿ ಬಡತನದಲ್ಲೇ ತೀರಿಕೊಂಡ.

ಕೊಳವೆಯ ರಂಧ್ರಗಳು ಅಗಲ, ದೂರ ದೂರ. ಬೆರಳಿಗೆ ಎಟುಕುವುದಿಲ್ಲ. ಹಾಗಾಗಿ ಬೆರಳು ಒತ್ತುವುದು ಕೀಲಿಯನ್ನು, ಕೀಲಿಗೆ ಸೇರಿದ ಮುಚ್ಚಳ ರಂಧ್ರವನ್ನು ಮುಚ್ಚುತ್ತದೆ. ಚರ್ಮಕ್ಕೂ ರಂಧ್ರಕ್ಕೂ ಮುಟ್ಟುವುದೇ ಇಲ್ಲ. ಸ್ವರಗಳು ಪಾಶ್ಚಾತ್ಯ ಲೆಕ್ಕದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕೂತಿವೆ. ಸೈನ್ಯದ ಕವಾಯತಿಗೆ ಇದು ಸರಿ, ತೋಡಿ ರಾಗದ ಗಾಂಧಾರಕ್ಕೆ ಏನು ಮಾಡುವುದು?

ಈ ಪ್ರಶ್ನೆ ಎದುರಾದದ್ದು ನಮ್ಮವರೊಬ್ಬರಿಗೆ. ಬಂಟ್ವಾಳ ತಾಲ್ಲೂಕಿನಲ್ಲಿ 1949ರಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥ್. ತಂದೆ ತನಿಯಪ್ಪನವರು ನಾಗಸ್ವರ ವಾದಕರು, ಮಗನೂ ಅದನ್ನೇ ಕಲಿಯುತ್ತಿದ್ದರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿದ ದಿನ ಮನಸ್ಸು ಅದರ ಮೇಲೆ ಹೋಯಿತು. ಮಂಗಳೂರಿನ ಕಲಾನಿಕೇತನದ ಗೋಪಾಲಕೃಷ್ಣ ಅಯ್ಯರ್, ನಂತರ ಮದ್ರಾಸಿನ ಟಿ.ವಿ. ಗೋಪಾಲಕೃಷ್ಣನ್ ಅವರ ಬಳಿ ಪಾಠ. ಕರ್ನಾಟಕ ಸಂಗೀತವನ್ನು ಆ ಹಿತ್ತಾಳೆ ಕೊಳವೆಯಲ್ಲಿ ತರಲು ಹಿಡಿದದ್ದು ಸುಮಾರು ಇಪ್ಪತ್ತು ವರ್ಷ. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಬಿಬಿಸಿಯ ಪ್ರಾಮ್ಸ್ ಉತ್ಸವಕ್ಕೆ ಕರೆ ಬಂತು, 2004ರಲ್ಲಿ ಪದ್ಮಶ್ರೀ. 2019ರ ಅಕ್ಟೋಬರ್ 11ರಂದು ತೀರಿಕೊಂಡರು.

ಪ್ರಶಸ್ತಿಗಳ ಪಟ್ಟಿ ಎಲ್ಲ ಕಡೆ ಸಿಗುತ್ತದೆ. ನನ್ನನ್ನು ಕಾಡುವುದು ಆ ಇಪ್ಪತ್ತು ವರ್ಷ. ಕೃತಿಗಳನ್ನು ಕಲಿಯಲು, ಕೀಲಿಗಳ ಮೇಲೆ ಬೆರಳು ಪಳಗಿಸಲು ಕಾಲ ಬೇಕು, ಸರಿ. ಆದರೆ ಮೆಟ್ಟಿಲಿನ ವಾದ್ಯವನ್ನು ಜಾರುಬಂಡೆ ಮಾಡಲು ಬೆರಳು ಮಾತ್ರ ಸಾಲದು. ನಾಗಸ್ವರದ ಮನೆಯಲ್ಲಿ ಬೆಳೆದವರಿಗೆ ತುಟಿಯಿಂದ ಸ್ವರ ಬಗ್ಗಿಸುವುದು ಹೊಸದಾಗಿರಲಿಲ್ಲ ಎಂಬುದೇ ನನ್ನ ಊಹೆ.

ಪಾಶ್ಚಾತ್ಯ ವಾದಕರಿಗೂ ಈ ಜಾರುವಿಕೆಯ ಆಸೆ ಇತ್ತು. 1924ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಲ್ಲಿ ಜಾರ್ಜ್ ಗರ್ಶ್ವಿನ್‌ರ 'ರಾಪ್ಸೊಡಿ ಇನ್ ಬ್ಲೂ' ಮೊದಲ ಸಲ ನುಡಿಯಿತು. ಶುರುವಿನಲ್ಲಿ ಕ್ಲಾರಿನೆಟ್‌ಗೆ ಅವರು ಬರೆದದ್ದು ಬಿಡಿ ಬಿಡಿ ಸ್ವರಗಳು ಏರುವ ಸಾಲು. ತಾಲೀಮಿನಲ್ಲಿ ರಾಸ್ ಗೋರ್ಮನ್ ಎಂಬ ವಾದಕ ತಮಾಷೆಗೆ ಅದನ್ನು ಒಂದೇ ಉದ್ದ ಕೂಗಿನಂತೆ ಜಾರಿಸಿಬಿಟ್ಟ. ಗರ್ಶ್ವಿನ್ ಹಾಗೇ ಇರಲಿ ಎಂದರು. ಇಂದಿಗೂ ಎಲ್ಲರೂ ಹಾಗೇ ಊದುತ್ತಾರೆ. ಕ್ಲಾರಿನೆಟ್‌ನಲ್ಲಿ ಕೆಲವು ರಂಧ್ರಗಳನ್ನು ಬೆರಳೇ ಮುಚ್ಚುವುದರಿಂದ ಬೆರಳನ್ನು ಮೆಲ್ಲಗೆ ಸರಿಸಬಹುದು. ಆದರೂ "ಗಂಟಲನ್ನೂ ಹೊಂದಿಸಬೇಕು" ಎಂದೇ ವಾದಕರು ಶಿಷ್ಯರಿಗೆ ಹೇಳಿಕೊಡುತ್ತಿದ್ದರು.

ಗಂಟಲನ್ನು ಹೊಂದಿಸುವುದು ಅಂದರೇನು? ಈಗಲೇ ಮಾಡಿ ನೋಡಿ. ದನಿ ಹೊರಡಿಸದೆ, ಪಿಸುಮಾತಿನಲ್ಲಿ ಈ... ಆ... ಊ... ಅನ್ನಿ. ಪಿಸುಮಾತಿಗೆ ಶ್ರುತಿ ಇಲ್ಲ, ಆದರೂ 'ಈ' ಎತ್ತರದಲ್ಲೂ 'ಊ' ತಗ್ಗಿನಲ್ಲೂ ಕೇಳಿಸುತ್ತದೆ. ನಾಲಿಗೆ, ತುಟಿ ಕದಲಿದ ಹಾಗೆ ಬಾಯೊಳಗಿನ ಗಾಳಿ ಬೇರೆ ಬೇರೆ ಸ್ವರಕ್ಕೆ ಮಿಡಿಯುತ್ತದೆ. ಅಂದರೆ ಬಾಯಿಯೂ ಒಂದು ಕೊಳವೆ. ರೀಡಿನ ಆಚೆ ಹಿತ್ತಾಳೆಯದ್ದು, ಈಚೆ ಮಾಂಸದ್ದು. ನಡುವಿನ ಬಾಗಿಲು ಯಾರ ಮಾತು ಕೇಳುತ್ತದೆ ಎಂಬುದೇ ಪ್ರಶ್ನೆ.

ಆಸ್ಟ್ರೇಲಿಯಾದ ವಾದಕ ಪೀಟರ್ ಕ್ಲಿಂಚ್ ಮತ್ತು ಜೊತೆಗಾರರು ಊದುವವರ ಬಾಯಿ ಗಂಟಲನ್ನು ಎಕ್ಸ್‌ರೇಯಲ್ಲಿ ನೋಡಿ, ಸ್ವರಕ್ಕೆ ತಕ್ಕಂತೆ ಒಳಗಿನ ಆಕಾರ ಬದಲಾಗುತ್ತದೆ, ಅದು ಮುಖ್ಯ ಎಂದು 1982ರಲ್ಲಿ ಬರೆದರು. ಮೂರೇ ವರ್ಷದಲ್ಲಿ ಅಮೆರಿಕದ ಭೌತವಿಜ್ಞಾನಿ ಜಾನ್ ಬ್ಯಾಕಸ್ ಲೆಕ್ಕ ಹಾಕಿ, ಬಾಯಿಯ ಪರಿಣಾಮ ಲೆಕ್ಕಕ್ಕೆ ಬಾರದಷ್ಟು ಸಣ್ಣದು ಎಂದರು. ಅವರ ವಾದವೂ ಪೊಳ್ಳಲ್ಲ: ಗಟ್ಟಿ ಲೋಹದ ಕೊಳವೆಯ ಮಿಡಿತದ ಎದುರು ಮೆತ್ತನೆಯ ಕೆನ್ನೆ ನಾಲಿಗೆಯದ್ದು ಬಲಹೀನ. ಬಾಯೊಳಗೆ ಊದುವ ಹೊತ್ತಿನಲ್ಲೇ ಅಳೆಯದೆ ಈ ಜಗಳ ಮುಗಿಯುವಂತಿರಲಿಲ್ಲ. ಒಳಗೆ ಗದ್ದಲ, ಎಂಜಲು, ಒತ್ತಡ. ಯಂತ್ರ ಇಡುವುದೆಲ್ಲಿ?

ಸಿಡ್ನಿಯ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಜೆರ್-ಮಿಂಗ್ ಚೆನ್, ಜಾನ್ ಸ್ಮಿತ್, ಜೋ ವುಲ್ಫ್ ದಾರಿ ಕಂಡುಕೊಂಡರು. ಸ್ಯಾಕ್ಸೋಫೋನ್‌ನ ಬಾಯಿತುಂಡಿನಲ್ಲೇ ಒಂದು ಸಣ್ಣ ನಳಿಕೆ ಮತ್ತು ಮೈಕ್ ಅಡಗಿಸಿ, ಊದುತ್ತಿರುವಾಗಲೇ ಬಾಯೊಳಗೆ ಬೇರೊಂದು ಸದ್ದು ಬಿಟ್ಟು, ಬಾಯಿ ಅದಕ್ಕೆ ಹೇಗೆ ಮಿಡಿಯುತ್ತದೆ ಎಂದು ಅಳೆದರು. 2008ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಫಲಿತಾಂಶ ಬಂತು. ವಾದ್ಯದ ಮಾಮೂಲಿ ಸ್ಥಾಯಿಗಳಲ್ಲಿ ಕೊಳವೆಯೇ ಯಜಮಾನ, ಬ್ಯಾಕಸ್ ಹೇಳಿದ್ದು ಅಲ್ಲಿಗೆ ಹತ್ತಿರ. ಆದರೆ ತೀರ ಮೇಲಿನ ಸ್ವರಗಳಿಗೆ ಹೋದಂತೆ ಕೊಳವೆಯ ಹಿಡಿತ ಸಡಿಲವಾಗುತ್ತದೆ. ಅಲ್ಲಿ ಅನುಭವಿ ವಾದಕರು ತಮ್ಮ ಬಾಯಿಯ ಮಿಡಿತವನ್ನು ಬೇಕಾದ ಸ್ವರದ ಹತ್ತಿರಕ್ಕೆ ತಂದು ನಿಲ್ಲಿಸುತ್ತಾರೆ, ಬಾಗಿಲು ಆಗ ಬಾಯಿಯ ಮಾತು ಕೇಳುತ್ತದೆ. ಅದನ್ನು ಕಲಿಯದ ಹವ್ಯಾಸಿಗಳಿಗೆ ಬೆರಳು ಸರಿಯಾಗಿ ಇಟ್ಟರೂ ಆ ಸ್ವರಗಳು ಬರಲೇ ಇಲ್ಲ. ಮರುವರ್ಷ ಇದೇ ತಂಡ ಕ್ಲಾರಿನೆಟ್‌ನ ಜಾರುವಿಕೆಯನ್ನೂ ಅಳೆದು, ಗೋರ್ಮನ್‌ರ ಆ ಕೂಗಿನಂಥದ್ದರಲ್ಲಿ ಬೆರಳಿನ ಜೊತೆ ಬಾಯಿಗೂ ಪಾಲಿದೆ ಎಂದು ತೋರಿಸಿತು.

ಇನ್ನು ಮಾಮೂಲಿ ಸ್ಥಾಯಿಯ ಗಮಕಕ್ಕೆ ಬೇಕಾದದ್ದು ಕೆಳತುಟಿ ಮತ್ತು ದವಡೆ. ಕೆಳಹಲ್ಲಿನ ಮೇಲೆ ತುಟಿ ಮಡಚಿ ರೀಡಿಗೆ ಒತ್ತು, ಮೇಲಿನ ಹಲ್ಲು ಬಾಯಿತುಂಡಿನ ಮೇಲೆ ಗಟ್ಟಿಯಾಗಿ ನಿಲ್ಲಬೇಕು. ಹಲ್ಲಿಲ್ಲದಿದ್ದರೆ ತುಟಿಗೆ ಆಧಾರವಿಲ್ಲ, ಆಧಾರವಿಲ್ಲದ ತುಟಿ ಕೂದಲೆಳೆಯಷ್ಟು ಸಡಿಲಿಸಿ ಬಿಗಿ ಮಾಡಲಾರದು. ಅಜ್ಜನಿಗೆ ಸಂಪಾದನೆ ನಿಂತದ್ದು ಇಲ್ಲಿ.

ನಮ್ಮ ಕರಾವಳಿಯಲ್ಲಿ ಈಗ ಮದುವೆಗೂ ಉತ್ಸವಕ್ಕೂ ನೇಮಕ್ಕೂ ಸ್ಯಾಕ್ಸೋಫೋನ್ ಬೇಕೇ ಬೇಕು. ನಾಗಸ್ವರ ಹಿಂದೆ ಸರಿದಿದೆ. ಊದುವವರಿಗೆ ಗೌರವ ಹೆಚ್ಚಿತೇ ಎಂದರೆ, ಹೊಳೆಯುವ ವಾದ್ಯಕ್ಕೆ ಸ್ವಲ್ಪ ಹೆಚ್ಚಿದೆ. ಬಾಗಿಲಲ್ಲಿ ನಿಂತು ಮೂರು ಗಂಟೆ ಊದಿದವರಿಗೆ ಊಟದ ಕೊನೆಯ ಪಂಕ್ತಿ ತೋರಿಸುವ ಮನೆಗಳು ಇನ್ನೂ ಇವೆ. ಚೆಂಡೆಯವರ ಕೈ ಕಾಣುತ್ತದೆ, ಬೆವರು ಕಾಣುತ್ತದೆ. ಊದುವವರ ಕೆಲಸ ನಡೆಯುವುದು ಮುಚ್ಚಿದ ಬಾಯಿಯೊಳಗೆ.

ಅಜ್ಜನಿಗೆ ಹಲ್ಲಿನ ಸೆಟ್ಟು ಮಾಡಿಸಿದ್ದಾರೆ. ಊಟಕ್ಕೆ ಆಗುತ್ತದೆ, ಊದಿದರೆ ಅಲ್ಲಾಡುತ್ತದೆ. ಈಗ ಸಂಜೆ ಮೊಮ್ಮಗನನ್ನು ಜಗಲಿಯಲ್ಲಿ ಕೂರಿಸಿಕೊಳ್ಳುತ್ತಾರೆ. ಸ್ಯಾಕ್ಸೋಫೋನ್ ಪೆಟ್ಟಿಗೆಯಲ್ಲೇ ಇರುತ್ತದೆ, ಹೊರಗೆ ಬರುವುದು ರೀಡ್ ಕಟ್ಟಿದ ಬಾಯಿತುಂಡು ಮಾತ್ರ. ಕೊಳವೆ ಇಲ್ಲ, ಕೀಲಿ ಇಲ್ಲ, ಬೆರಳಿಗೆ ಕೆಲಸವೇ ಇಲ್ಲ. ಅಷ್ಟರಲ್ಲೇ ಸ ರಿ ಗ ಮ ಹತ್ತಿಸಬೇಕು. ಹುಡುಗ ಊದಿದರೆ ಬಾತುಕೋಳಿ ಕೂಗಿದ ಹಾಗೆ ಬರುತ್ತದೆ, ಓಣಿಯ ನಾಯಿಗಳು ಬೊಗಳುತ್ತವೆ. ಮೊನ್ನೆ ಗಾಂಧಾರದವರೆಗೆ ಹತ್ತಿತು. "ನಾಲಿಗೆ ಎಲ್ಲಿತ್ತು ಈಗ?" ಅಂತ ಅಜ್ಜ ಕೇಳಿದರು. ಹುಡುಗ ಬಾಯಿ ಮುಚ್ಚಿಕೊಂಡು ಯೋಚಿಸುತ್ತಾ ಕೂತ.