ಎತ್ತಿನ ಗೆಜ್ಜೆಯಿಂದ ಸೈಕಲ್ಲಿನ ಕುಚ್ಚಿಗೆ

ಹೊಸ ಸೈಕಲ್ಲು ಎಂದರೆ ಒಂದು ಕಾಲಕ್ಕೆ ಇಡಿಯಾಗಿ ಬಂದಿಳಿಯುವ ವಸ್ತುವೇ ಆಗಿರಲಿಲ್ಲ. ಫ್ರೇಮು ಒಂದು ಕಟ್ಟಿನಲ್ಲಿ, ರಿಮ್ಮು ಇನ್ನೊಂದರಲ್ಲಿ, ಕಡ್ಡಿ, ಚೈನು, ಪೆಡಲು, ಬಾಲ್ಸು ಬೇರೆ ಬೇರೆ ಡಬ್ಬಿಗಳಲ್ಲಿ ಪಟ್ಟಣದ ಸೈಕಲ್ ಶಾಪಿಗೆ ಬರುತ್ತಿದ್ದವು. ಗಿರಾಕಿ ಬೆಂಚಿನ ಮೇಲೆ ಕೂತು ಸೀಟು ಇಂಥದ್ದಿರಲಿ, ಕ್ಯಾರಿಯರ್ ಅಗಲವಾಗಿರಲಿ, ಡೈನಮೋ ಹಿಂದಿನ ಗಾಲಿಗಿರಲಿ, ಸ್ಟ್ಯಾಂಡು ಎರಡು ಕಾಲಿನದಿರಲಿ ಎಂದು ಹೇಳಿ ಹೇಳಿ ಕಟ್ಟಿಸಿಕೊಳ್ಳುತ್ತಿದ್ದ. ಸಂಜೆ ಅಂಗಡಿಯಿಂದ ಹೊರಟ ಸೈಕಲ್ಲಿನ ಮೇಲೆ ಕಂಪನಿಯ ಹೆಸರಿರುತ್ತಿತ್ತು, ಆದರೆ ಅಂಥದೇ ಸೈಕಲ್ಲನ್ನು ಆ ಕಂಪನಿ ಎಂದೂ ಮಾಡಿರುತ್ತಿರಲಿಲ್ಲ. ಈಗ ಹವ್ಯಾಸಿಗಳು ಹಳೆಯ ಫ್ರೇಮು ಕೊಯ್ದು ಬೆಸುಗೆ ಹಾಕಿ, ಹಿಂದಕ್ಕೆ ದಪ್ಪ ಟೈರು, ಮುಂದಕ್ಕೆ ಉದ್ದನೆಯ ಫೋರ್ಕು ಜೋಡಿಸಿ, ಬೆಂಕಿಯ ನಾಲಿಗೆಗಳ ಚಿತ್ರ ಬರೆದು ‘ಹಾಟ್ ರಾಡ್ ಸೈಕಲ್’ ಎಂದು ಹೆಸರಿಡುವಾಗ, ಇದು ಅಮೆರಿಕದಿಂದ ಬಂದ ಹೊಸ ಶೋಕಿ ಎಂದು ನೋಡಿದವರಿಗೆ ಅನಿಸುತ್ತದೆ. ಹೆಸರು ಅಲ್ಲಿಯದೇ. ಕೆಲಸ ಮಾತ್ರ ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಗೆ ಹೊಸದಲ್ಲ. ಗಾಡಿಯನ್ನು ಬಿಚ್ಚಿ, ಬದಲಿಸಿ, ಸಿಂಗರಿಸಿ ತನ್ನದಾಗಿಸಿಕೊಳ್ಳುವ ಅಭ್ಯಾಸ ಇಲ್ಲಿ ಬಂಡಿ ಎತ್ತುಗಳ ಕಾಲದಿಂದ ಬಂದದ್ದು, ಸೈಕಲ್ ಶಾಪು ಅದನ್ನು ಲೋಹಕ್ಕೆ ದಾಟಿಸಿತು ಎಂಬುದು ಇಲ್ಲಿ ನಾನು ಮಂಡಿಸುವ ವಾದ.

ಮೊದಲು ಹಾಟ್ ರಾಡಿನ ಕಥೆಯನ್ನೇ ನೋಡೋಣ, ಹೋಲಿಕೆಗೆ ಅದು ಬೇಕು. 1932ರಲ್ಲಿ ಫೋರ್ಡ್ ಕಂಪನಿ 65 ಅಶ್ವಶಕ್ತಿಯ ವಿ-8 ಎಂಜಿನ್ನನ್ನು ಸಾಮಾನ್ಯರ ಕಾರಿಗೆ ಕೂರಿಸಿತು. ಆ ಕಾರುಗಳು ಹಳತಾಗಿ ಅಗ್ಗವಾದಾಗ ಕ್ಯಾಲಿಫೋರ್ನಿಯಾದ ತರುಣರು ಅವನ್ನು ಕೊಂಡು, ಮಡ್‌ಗಾರ್ಡು ಕಿತ್ತು, ಛಾವಣಿ ಕತ್ತರಿಸಿ ತಗ್ಗಿಸಿ, ಎಂಜಿನ್ ತಿದ್ದಿ, ಮುರಾಕ್‌ನಂಥ ಒಣಗಿದ ಕೆರೆಯಂಗಳಗಳಲ್ಲಿ ಓಡಿಸಿದರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಯಂತ್ರದ ಕೆಲಸ ಕಲಿತ ಸೈನಿಕರು ಮನೆಗೆ ಮರಳಿದಾಗ ಈ ಹುಚ್ಚು ಇನ್ನಷ್ಟು ಹಬ್ಬಿತು. 1948ರ ಜನವರಿಯಲ್ಲಿ ‘ಹಾಟ್ ರಾಡ್’ ಹೆಸರಿನ ಪತ್ರಿಕೆಯೇ ಹೊರಬಂತು. ಸೈಕಲ್ಲಿಗೆ ಆ ರೂಪ ಬಂದದ್ದು 1963ರಲ್ಲಿ. ಅಲ್ಲಿನ ಹುಡುಗರು 20 ಇಂಚಿನ ಪುಟ್ಟ ಗಾಲಿಯ ಸೈಕಲ್ಲಿಗೆ ಎತ್ತರದ ಹ್ಯಾಂಡಲ್ಲು, ಬಾಳೆಹಣ್ಣಿನಂತೆ ಬಾಗಿದ ಉದ್ದನೆಯ ಸೀಟು ಹಾಕಿಕೊಳ್ಳುತ್ತಿದ್ದ ಸುದ್ದಿ ಶ್ವಿನ್ ಕಂಪನಿಯ ಆಲ್ ಫ್ರಿಟ್ಜ್ ಕಿವಿಗೆ ಬಿತ್ತು. ಅವರು ಅದನ್ನೇ ‘ಸ್ಟಿಂಗ್ ರೇ’ ಎಂಬ ಮಾದರಿಯಾಗಿ ಮಾರುಕಟ್ಟೆಗೆ ತಂದರು. ಬೀದಿಯಲ್ಲಿ ಹುಟ್ಟಿದ್ದನ್ನು ಕಾರ್ಖಾನೆ ಕಲಿಯಿತು. ಇಷ್ಟನ್ನು ನೋಡಿದರೆ ಹಾಟ್ ರಾಡಿಗೆ ಬೇಕಾದದ್ದು ಅಮೆರಿಕವಲ್ಲ ಎಂಬುದು ತಿಳಿಯುತ್ತದೆ. ಎಲ್ಲರ ಕೈಗೆಟುಕುವ ಒಂದೇ ಬಗೆಯ ಯಂತ್ರ, ಧಾರಾಳವಾಗಿ ಸಿಗುವ ಬಿಡಿಭಾಗ, ಪಳಗಿದ ಕೈ, ನಾಲ್ಕು ಜನ ನೋಡುವ ಬಯಲು ಇದ್ದರೆ ಸಾಕು.

ಇವೆಲ್ಲ ನಮ್ಮಲ್ಲೂ ಒಂದೊಂದಾಗಿ ಕೂಡಿಬಂದವು. 1949ರಲ್ಲಿ ಮದರಾಸಿನಲ್ಲಿ ಟಿಐ ಸೈಕಲ್ಸ್, 1951ರಲ್ಲಿ ಸೋನಿಪತ್‌ನಲ್ಲಿ ಅಟ್ಲಾಸ್, 1956ರಲ್ಲಿ ಲೂಧಿಯಾನದಲ್ಲಿ ಹೀರೋ ಶುರುವಾದವು. ಹೆಸರು ಯಾವುದಾದರೂ ಊರೂರಿಗೆ ಬಂದದ್ದು ಒಂದೇ ಇಂಗ್ಲಿಷ್ ಅಚ್ಚಿನ ಕಪ್ಪು ಸೈಕಲ್ಲು: 28 ಇಂಚಿನ ಗಾಲಿ, ಮುಂದೆ 32 ಕಡ್ಡಿ, ಹಿಂದೆ 40 ಕಡ್ಡಿ, ಸಲಾಕೆಯಿಂದ ಎಳೆಯುವ ಬ್ರೇಕು. ಅಳತೆ ಒಂದೇ ಆದ್ದರಿಂದ ಒಂದು ಕಂಪನಿಯ ಗಾಲಿ ಇನ್ನೊಂದರ ಫೋರ್ಕಿಗೆ ಕೂರುತ್ತಿತ್ತು. ಇನ್ನು ಸೀಮೆಯ ಸ್ಥಿತಿ. ಈ ನಾಲ್ಕೂ ಪಟ್ಟಣಗಳಿಗೆ ರೈಲು ನಿಲ್ದಾಣವಿಲ್ಲ. 1997ರ ಆಗಸ್ಟ್‌ನಲ್ಲಿ ದಾವಣಗೆರೆ ಜಿಲ್ಲೆಯಾಗುವವರೆಗೆ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೆ, ಜಗಳೂರು ಚಿತ್ರದುರ್ಗಕ್ಕೆ ಸೇರಿದ್ದವು. ನ್ಯಾಮತಿ ತೀರ ಈಚಿನವರೆಗೂ ಹೊನ್ನಾಳಿಯ ಒಂದು ಹೋಬಳಿ. ದೊಡ್ಡ ಊರು ಎಲ್ಲರಿಗೂ ದೂರ. ಬಸ್ಸು ಬಿಟ್ಟರೆ ಹೊಲಕ್ಕೂ ಸಂತೆಗೂ ಹೈಸ್ಕೂಲಿಗೂ ಸೈಕಲ್ಲೇ ಗತಿ. ಭದ್ರಾ ನಾಲೆಯ ನೀರು ಹರಿದ ಹಳ್ಳಿಗಳಲ್ಲಿ ಭತ್ತ ಅಡಿಕೆಯ ದುಡ್ಡು ಕೈಯಲ್ಲಿ ಆಡತೊಡಗಿತು, ಮದುವೆಯ ಗಂಡಿಗೆ ಕೊಡುವ ಉಡುಗೊರೆಯಲ್ಲಿ ವಾಚು, ರೇಡಿಯೊ ಜೊತೆಗೆ ಸೈಕಲ್ಲೂ ಸೇರಿತು.

ಕೊಂಡ ಸೈಕಲ್ಲು ಒಂದೇ ಆದರೂ ಹೊರುವ ಹೊರೆ ಒಂದೇ ಆಗಿರಲಿಲ್ಲ. ಹಾಲಿನವನಿಗೆ ಎರಡೂ ಕಡೆ ಕ್ಯಾನು ತೂಗುವ ಕೊಕ್ಕೆ ಬೇಕು, ಐಸ್ ಕ್ಯಾಂಡಿಯವನಿಗೆ ಮರದ ಪೆಟ್ಟಿಗೆ ಕೂರಿಸುವ ಚೌಕಟ್ಟು ಬೇಕು. ಸಾಣೆ ಹಿಡಿಯುವವನು ಸೈಕಲ್ಲನ್ನು ಸ್ಟ್ಯಾಂಡಿಗೆ ನಿಲ್ಲಿಸಿ, ಪೆಡಲು ತುಳಿದರೆ ಹ್ಯಾಂಡಲ್ ಬಳಿಯ ಸಾಣೆಕಲ್ಲು ತಿರುಗುವಂತೆ ಹಗ್ಗದ ಪಟ್ಟಿ ಕಟ್ಟಿಸಿಕೊಂಡ. ಮಳೆ ಕಡಿಮೆಯಾದ, ಕೊಳವೆಬಾವಿಯಲ್ಲಿ ಫ್ಲೋರೈಡ್ ಕಾಣಿಸಿಕೊಂಡ ಜಗಳೂರು ಕಡೆ ಕುಡಿಯುವ ನೀರಿನ ಕೊಡಗಳನ್ನೂ ಸೈಕಲ್ಲೇ ಹೊತ್ತಿತು: ಕ್ಯಾರಿಯರ್‌ಗೆ ಅಡ್ಡ ಸಲಾಕೆ, ಸಲಾಕೆಯ ತುದಿಗೆ ಕೊಕ್ಕೆ, ಕೊಕ್ಕೆಗೆ ಕೊಡ. ನಾಲ್ಕು ಕೊಡವೆಂದರೆ 50–60 ಕಿಲೋ ತೂಕ, ಅದೂ ಒಳಗೆ ತುಳುಕುವ ತೂಕ. ಅದನ್ನು ತಾಳಲು ಮುಂದಿನ ಫೋರ್ಕಿಗೆ ಆಸರೆಯ ಸಲಾಕೆ, ಫ್ರೇಮಿಗೆ ಎರಡನೆಯ ಬಾರು ಬೇಕಾಗುತ್ತದೆ. ಅಷ್ಟೇ ಅಲ್ಲ, ಫ್ರೀವೀಲೂ ಬದಲಾಗಬೇಕು. ಪೆಡಲಿನ ಹಲ್ಲುಚಕ್ರಕ್ಕೆ 44 ಹಲ್ಲು, ಫ್ರೀವೀಲಿಗೆ 18 ಹಲ್ಲು ಇದ್ದರೆ ಪೆಡಲಿನ ಒಂದು ಸುತ್ತಿಗೆ ಸೈಕಲ್ಲು ಸುಮಾರು 5.4 ಮೀಟರ್ ಸಾಗುತ್ತದೆ. 22 ಹಲ್ಲಿನ ಫ್ರೀವೀಲು ಹಾಕಿದರೆ 4.4 ಮೀಟರ್, ದಾರಿ ಕಡಿಮೆ, ಕಾಲಿಗೂ ಭಾರ ಕಡಿಮೆ. ಭಾರಕ್ಕೆ ದೊಡ್ಡದು, ಓಟಕ್ಕೆ ಸಣ್ಣದು ಎಂಬ ಈ ಲೆಕ್ಕ ಯಾವ ಪುಸ್ತಕವನ್ನೂ ಓದದ ಮೇಸ್ತ್ರಿಯ ಬೆರಳ ತುದಿಯಲ್ಲಿತ್ತು. ಎಂಜಿನ್ ತಿದ್ದುವವನನ್ನು ತಂತ್ರಜ್ಞ ಎನ್ನುವುದಾದರೆ ಇವನೂ ತಂತ್ರಜ್ಞನೇ.

ಇದೆಲ್ಲ ಅಗತ್ಯದ ಮಾತಾಯಿತು, ಬಂಡಿ ಎತ್ತಿನ ಸಂಬಂಧ ಎಲ್ಲಿ ಬಂತು ಎಂದು ಕೇಳಬಹುದು. ಸಂಬಂಧ ಕಾಣುವುದು ಸಿಂಗಾರದಲ್ಲಿ. ಕಾರಹುಣ್ಣಿಮೆಗೆ ಎತ್ತಿನ ಕೊಂಬು ಹೆರೆದು ಬಣ್ಣ ಬಳಿದು, ತುದಿಗೆ ಹಿತ್ತಾಳೆಯ ಕೊಡಣಸು ತೊಡಿಸಿ, ಹಣೆಗೆ ಗೊಂಡೆ, ಕೊರಳಿಗೆ ಗೆಜ್ಜೆ, ಬೆನ್ನಿಗೆ ಜೂಲು ಹಾಕುವ ರೈತನ ಮನೆಗೇ ಸೈಕಲ್ಲು ಬಂದದ್ದು. ಅದರ ಹ್ಯಾಂಡಲ್ ಹಿಡಿಗೆ ಬಣ್ಣದ ಕುಚ್ಚು ಇಳಿಬಿದ್ದದ್ದು, ಸೀಟಿಗೆ ಜಾಲರಿಯ ಹೊದಿಕೆ ಬಂದದ್ದು, ಬಾರಿಗೆ ಬಣ್ಣದ ವೈರು ಸುತ್ತಿದ್ದು, ಕಡ್ಡಿಗಳಲ್ಲಿ ಮಣಿಗಳು ಜಾರಿ ಸದ್ದು ಮಾಡಿದ್ದು, ಗಾಲಿಯ ನಡುವೆ ಬಣ್ಣದ ಬ್ರಷ್ಷು ತಿರುಗಿದ್ದು ಎಲ್ಲವನ್ನೂ ಒಂದೊಂದಾಗಿ ಎತ್ತಿನ ಮೈಮೇಲಿಟ್ಟು ನೋಡಿ. ಕೊಂಬಿನ ಜಾಗದಲ್ಲಿ ಹ್ಯಾಂಡಲ್ಲು, ಜೂಲಿನ ಜಾಗದಲ್ಲಿ ಸೀಟಿನ ಹೊದಿಕೆ, ಗೆಜ್ಜೆಯ ಜಾಗದಲ್ಲಿ ಬೆಲ್ಲು. ಆಯುಧಪೂಜೆಯ ದಿನ ಬಂಡಿಯ ಪಕ್ಕದಲ್ಲೇ ಸೈಕಲ್ಲಿಗೂ ಕುಂಕುಮ, ಚೆಂಡುಹೂವಿನ ಮಾಲೆ. ಇಂಥ ಹೊಂದಾಣಿಕೆ ಆಕಸ್ಮಿಕವಾಗಿರಲಾರದು.

ಆದರೆ ಇಲ್ಲಿ ಒಂದು ಗಟ್ಟಿ ಆಕ್ಷೇಪವಿದೆ, ಅದನ್ನು ಹಾರಿಸಿ ಹೋಗುವಂತಿಲ್ಲ. ಬಂಡಿ ಮಾಡಿದವರು ಬಡಗಿ ಕಮ್ಮಾರರು. ಸೈಕಲ್ ಶಾಪು ಇಟ್ಟವರು ಬಹುಪಾಲು ಬೇರೆಯವರು, ಹಲವೆಡೆ ಮುಸ್ಲಿಂ ಕುಟುಂಬಗಳು. ವಿದ್ಯೆಯೂ ಬೇರೆ. ಬಂಡಿಯ ಗಾಲಿಯಲ್ಲಿ ಭಾರ ಗುಂಬದಿಂದ ಆರೆಕಾಲಿಗಿಳಿದು, ಆರೆಕಾಲು ಕಂಬದಂತೆ ನಿಂತು ಅದನ್ನು ತಾಳುತ್ತದೆ. ಸೈಕಲ್ಲಿನ ಕಡ್ಡಿಯಾದರೋ ಹುರಿಗೊಳಿಸಿದ ತಂತಿ. ಎಲ್ಲ ಕಡ್ಡಿಗಳೂ ಗುಂಬವನ್ನು ಸುತ್ತಲಿಂದ ಎಳೆದು ಹಿಡಿದಿರುವುದರಿಂದ ಭಾರ ನಿಲ್ಲುತ್ತದೆ. ರಿಮ್ಮಿನ ಬೆಂಡು ತೆಗೆಯುವವನು ಒಂದು ನಿಪ್ಪಲ್ ಕಾಲು ಸುತ್ತು ಬಿಗಿ ಮಾಡಿ, ಎದುರಿನದನ್ನು ಅಷ್ಟೇ ಸಡಿಲಿಸಿ, ಗಾಲಿ ತಿರುಗಿಸಿ ಕಣ್ಣಳತೆಯಲ್ಲಿ ನೋಡುತ್ತಾನೆ. ಬಡಗಿಯ ಬಾಚಿ ಉಳಿ ಇಲ್ಲಿ ಕೆಲಸಕ್ಕೆ ಬಾರವು. ಹಾಗಾದರೆ ಪರಂಪರೆ ತುಂಡಾಯಿತಲ್ಲವೇ? ತುಂಡಾಗಲಿಲ್ಲ, ಏಕೆಂದರೆ ಅದು ದಾಟಿ ಬಂದದ್ದು ಮೇಸ್ತ್ರಿಯ ಕೈಯಿಂದಲ್ಲ, ಗಿರಾಕಿಯ ಕಣ್ಣಿನಿಂದ. ತನ್ನ ಎತ್ತು ಸಂತೆಯಲ್ಲಿ ಬೇರೆಯಾಗಿ ಕಾಣಬೇಕೆಂದು ಬಯಸಿದವನೇ ತನ್ನ ಸೈಕಲ್ಲೂ ಬೇರೆಯಾಗಿ ಕಾಣಲಿ ಎಂದು ಬಯಸಿದ. ಮೇಸ್ತ್ರಿ ಆ ಬಯಕೆಗೆ ಹೊಸ ವಿದ್ಯೆಯ ಉತ್ತರ ಕೊಟ್ಟ. ಕುಲಕಸುಬಿನ ಗಡಿ ಇಲ್ಲದ ವಿದ್ಯೆ ಅದು. ಯಾವ ಮನೆಯ ಹುಡುಗನಾದರೂ ಪಂಪು ಹಿಡಿದು ಶುರುಮಾಡಿ ಮೇಸ್ತ್ರಿಯಾಗಬಹುದಾಗಿದ್ದ ಇಂಥ ಕಸುಬುಗಳು ಆ ಕಾಲದ ಹಳ್ಳಿಪೇಟೆಯಲ್ಲಿ ಎಷ್ಟಿದ್ದವು? ಈ ಕಾರಣಕ್ಕಾಗಿಯೇ ಸೈಕಲ್ ಶಾಪಿಗೆ ನಮ್ಮ ಸಾಮಾಜಿಕ ಚರಿತ್ರೆಯಲ್ಲಿ ದೊಡ್ಡ ಜಾಗ ಸಲ್ಲಬೇಕು.

ಶಾಪಿನೊಳಗೆ ಸೈಕಲ್ಲಷ್ಟೇ ಇರುತ್ತಿರಲಿಲ್ಲ ಎಂಬುದೂ ಗಮನಿಸಬೇಕಾದದ್ದು. ಗಂಟೆ ಲೆಕ್ಕದ ಬಾಡಿಗೆ ಸೈಕಲ್ಲುಗಳ ಹಿಂದೆ, ಮದುವೆ ಮೆರವಣಿಗೆಗೆ ಬಾಡಿಗೆಗೆ ಹೋಗುವ ಗ್ಯಾಸ್‌ಲೈಟುಗಳು ತೂಗುತ್ತಿದ್ದವು. ಪಕ್ಕದಲ್ಲಿ ರಿಪೇರಿಗೆ ಬಂದ ಸೀಮೆಎಣ್ಣೆಯ ಪಂಪ್ ಸ್ಟವ್ವು. ಮೂರಕ್ಕೂ ಏನು ನಂಟು ಎಂದರೆ ಗಾಳಿಯನ್ನು ಒತ್ತಿ ಹಿಡಿಯುವ ಒಂದು ಚರ್ಮದ ವಾಷರು. ಸೈಕಲ್ ಪಂಪಿನ ವಾಷರಿಗೆ ಎಣ್ಣೆ ಕುಡಿಸಿ ಮೆತ್ತಗೆ ಮಾಡಲು ಬಲ್ಲವನು ಸ್ಟವ್ವಿನ ಪಂಪನ್ನೂ ಗ್ಯಾಸ್‌ಲೈಟನ್ನೂ ಸರಿಮಾಡಬಲ್ಲ. ಹೀಗೆ ಒಂದು ಕೆಲಸದ ಜೊತೆ ಇನ್ನೊಂದು ಬೆಳೆಯಿತು. ಅಲ್ಲಿ ಕೂತು ನೋಡಿದ ಹುಡುಗರು ಸ್ಪಾನರ್ ಹಿಡಿಯುವುದನ್ನು ಕಲಿತರು. ಹವ್ಯಾಸಿಯ ಶೆಡ್ಡಿನಲ್ಲಿ ಇಂದು ಒಂದು ಮೂಲೆಯಲ್ಲಿ ಸೈಕಲ್ಲು, ಇನ್ನೊಂದರಲ್ಲಿ ಬಿಚ್ಚಿಟ್ಟ ರೇಡಿಯೊ ಇರುವಂತೆಯೇ ಆ ಶಾಪೂ ಇತ್ತು.

ಬಡವನ ಅನಿವಾರ್ಯವನ್ನು ಹವ್ಯಾಸ ಎಂದು ಕರೆಯಬೇಡಿ ಎಂಬ ಇನ್ನೊಂದು ಆಕ್ಷೇಪವನ್ನೂ ಊಹಿಸಬಲ್ಲೆ. ನೀರಿನ ಕೊಡದ ಕೊಕ್ಕೆ ಹವ್ಯಾಸವಲ್ಲ, ಒಪ್ಪುತ್ತೇನೆ. ಆದರೆ ಮುಂದಿನ ಫೋರ್ಕಿಗೆ ಬಲೂನು ಕಟ್ಟಿ, ಕಡ್ಡಿ ತಾಕಿದಾಗ ಮೋಟರ್ ಸೈಕಲ್ಲಿನ ಸದ್ದು ಹೊರಡಿಸಿದ ಹುಡುಗನಿಗೆ ಯಾವ ಅನಿವಾರ್ಯವಿತ್ತು? ಊರ ಮೈದಾನದಲ್ಲಿ ಹಗಲು ರಾತ್ರಿ ಕೆಳಗಿಳಿಯದೆ ದಿನಗಟ್ಟಲೆ ಸೈಕಲ್ಲು ತುಳಿಯುತ್ತಿದ್ದ ಸೈಕಲ್ ಸರ್ಕಸ್ಸಿನವರು ಬ್ರೇಕು ಕಿತ್ತು, ಮಡ್‌ಗಾರ್ಡು ಕಿತ್ತು, ಹಿಮ್ಮುಖ ತುಳಿದರೆ ಹಿಂದಕ್ಕೆ ಹೋಗುವಂತೆ ಸೈಕಲ್ಲನ್ನು ಬದಲಿಸಿದ್ದು ಆಟಕ್ಕಾಗಿ. ಅದನ್ನು ನೋಡಲು ಇಡೀ ಊರು ನೆರೆಯುತ್ತಿತ್ತು. ಹೊರೆ ಹೊತ್ತವನೂ ಕುಚ್ಚು ಕಟ್ಟಿದ. ಅಗತ್ಯ ಮತ್ತು ಆನಂದ ಒಂದೇ ಸೈಕಲ್ಲಿನ ಮೇಲೆ ಕೂತಿದ್ದವು, ಬಡವನಿಗೆ ಅಗತ್ಯ ಮಾತ್ರ ಗೊತ್ತು ಎಂದುಕೊಳ್ಳುವುದು ಅವನಿಗೆ ಮಾಡುವ ಅನ್ಯಾಯ.

ಹಾಟ್ ರಾಡ್ ಎಂದರೆ ವೇಗ, ನಮ್ಮದು ಬರೀ ಅಲಂಕಾರ ಎಂಬ ಮಾತಿಗೂ ಈ ಸೀಮೆಯಲ್ಲೇ ಉತ್ತರವಿದೆ. ಹೊನ್ನಾಳಿ, ನ್ಯಾಮತಿಯಿಂದ ಶಿಕಾರಿಪುರ, ಹಾವೇರಿಯವರೆಗಿನ ಹಳ್ಳಿಗಳಲ್ಲಿ ದೀಪಾವಳಿಯ ನಂತರ ನಡೆಯುವ ಹೋರಿ ಬೆದರಿಸುವ ಹಬ್ಬದಲ್ಲಿ ಕೊಬ್ಬರಿಯ ಸರ, ಬಲೂನು, ಬಣ್ಣದ ಪೀಪಿ ಕಟ್ಟಿದ ಹೋರಿಯೇ ಎಲ್ಲಕ್ಕಿಂತ ಜೋರಾಗಿ ಓಡಬೇಕು. ಅದಕ್ಕೊಂದು ಬಿರುದಿನ ಹೆಸರು, ಅಭಿಮಾನಿಗಳ ಬಳಗ. ಸಿಂಗಾರ ಮತ್ತು ಓಟ ಬೇರೆ ಬೇರೆ ಎಂಬ ಭಾವನೆಯೇ ಇಲ್ಲಿಯದಲ್ಲ. ಸೈಕಲ್ ಪಟುಗಳ ತವರಾದ ವಿಜಯಪುರ, ಬಾಗಲಕೋಟೆ ಕಡೆಗಂತೂ ಓಟದ ಸೈಕಲ್ಲಿನಿಂದ ಏನೇನು ಕಿತ್ತು ತೂಕ ಇಳಿಸಬೇಕೆಂಬುದು ಬಾಲಕರಿಗೂ ಗೊತ್ತು.

ಈ ವಿದ್ಯೆ ಏಕೆ ಮಸುಕಾಯಿತು ಎಂಬುದಕ್ಕೆ ಹೆಚ್ಚು ಹುಡುಕಬೇಕಿಲ್ಲ. 1980ರಲ್ಲಿ ಬಂದ ಟಿವಿಎಸ್ 50 ಸೈಕಲ್ಲಿನ ಹೊರೆಯನ್ನು ಇಳಿಸಿಕೊಂಡಿತು, 1985ರ ಹೀರೋ ಹೊಂಡಾ ಅದರ ಮರ್ಯಾದೆಯನ್ನೂ ತೆಗೆದುಕೊಂಡಿತು. 2006–07ರಲ್ಲಿ ರಾಜ್ಯ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಕೊಡತೊಡಗಿದಾಗ ಗಾಲಿಗಳು ಮತ್ತೆ ರಸ್ತೆಗಿಳಿದವು, ಆದರೆ ಬೆಂಚಿನ ಮೇಲೆ ಕೂತು ಹೇಳಿ ಕಟ್ಟಿಸಿಕೊಳ್ಳುವ ಗಿರಾಕಿ ಮರಳಲಿಲ್ಲ. ದಾಖಲೆಯೂ ಉಳಿದಿಲ್ಲ. ಪುರಸಭೆಗಳು ಸೈಕಲ್ಲಿಗೆ ತೆರಿಗೆ ಹಾಕಿ ಬಿಲ್ಲೆ ಕೊಡುತ್ತಿದ್ದ ಕಾಲದಲ್ಲೂ ಅವಕ್ಕೆ ಬೇಕಾಗಿದ್ದದ್ದು ಎಣಿಕೆ, ರೂಪವಲ್ಲ. ಆದರೂ ವಿದ್ಯೆ ಸತ್ತಿಲ್ಲ ಎಂಬುದಕ್ಕೆ ಮೆಕ್ಕೆಜೋಳದ ಹೊಲವೇ ಸಾಕ್ಷಿ. ಗುಜರಿಗೆ ಹೋಗಬೇಕಿದ್ದ ಸೈಕಲ್ಲಿನ ಮುಂದಿನ ಗಾಲಿ, ಫೋರ್ಕು, ಹ್ಯಾಂಡಲ್ಲು ಬಳಸಿ, ಹಿಂದೆ ಕುಂಟೆಯ ಅಲಗು ಬೆಸೆದ ಸೈಕಲ್ ಎಡೆಕುಂಟೆಯನ್ನು ಎತ್ತಿಲ್ಲದ ರೈತ ಒಬ್ಬನೇ ಸಾಲಿನ ನಡುವೆ ತಳ್ಳಿಕೊಂಡು ಹೋಗುತ್ತಾನೆ. ಮಹಾರಾಷ್ಟ್ರದ ಜಳಗಾಂವ್ ಜಿಲ್ಲೆಯ ಗೋಪಾಲ ಮಲ್ಹಾರಿ ಭಿಸೆ ಅವರ ಇಂಥದೇ ‘ಕೃಷಿರಾಜ’ವನ್ನು ರಾಷ್ಟ್ರೀಯ ನಾವೀನ್ಯ ಪ್ರತಿಷ್ಠಾನ ಗುರುತಿಸಿತು. ಎತ್ತಿನ ಸಿಂಗಾರ ಸೈಕಲ್ಲಿಗೆ ಬಂತು, ಸೈಕಲ್ಲು ಎತ್ತಿನ ಕೆಲಸಕ್ಕೆ ಹೋಯಿತು.

ಕಾನೂನಿನ ಒಂದು ಸಂಗತಿ ಈಗಿನ ತರುಣರಿಗೆ ಗೊತ್ತಿರಲಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಮೋಟಾರು ವಾಹನದ ಮೂಲ ರೂಪವನ್ನು ಮನಬಂದಂತೆ ಬದಲಿಸಲು ಬಿಡುವುದಿಲ್ಲ. ಸೈಕಲ್ಲು ಆ ಕಾಯ್ದೆಯ ಹೊರಗಿದೆ. ಸಾಮಾನ್ಯ ಮನುಷ್ಯ ಯಾರ ಅಪ್ಪಣೆಯೂ ಇಲ್ಲದೆ ಕೊಯ್ದು, ಬೆಸೆದು, ಬಣ್ಣ ಬಳಿದು ರಸ್ತೆಗಿಳಿಸಬಹುದಾದ ಗಾಡಿ ಇದು. ಆದ್ದರಿಂದ ಹಾಟ್ ರಾಡ್ ಸೈಕಲ್ಲು ಕಟ್ಟಲು ಹೊರಟವರಲ್ಲಿ ಒಂದು ಕೋರಿಕೆ: ಪರದೇಶದ ಚಿತ್ರಗಳನ್ನು ನೋಡುವ ಮೊದಲು ನಿಮ್ಮ ಊರಿನ ಹಳೆಯ ಸೈಕಲ್ ಮೇಸ್ತ್ರಿಯ ಬಳಿ ಹೋಗಿ. ಅವರು ಬೆಂಡು ತೆಗೆಯುವುದನ್ನು, ಭಾರಕ್ಕೆ ಫ್ರೀವೀಲು ಆರಿಸುವುದನ್ನು, ಫೋರ್ಕಿಗೆ ಆಸರೆ ಕೊಡುವುದನ್ನು ಕಲಿತು, ಬರೆದಿಟ್ಟುಕೊಳ್ಳಿ, ಫೋಟೊ ತೆಗೆಯಿರಿ. ಅವರ ಅಂಗಡಿಯ ಮೂಲೆಯಲ್ಲಿ ಎರಡು ಬಾರಿನ ಹಳೆಯ ಫ್ರೇಮು ಬಿದ್ದಿದ್ದರೆ ಅದು ಗುಜರಿಯ ತಕ್ಕಡಿಗೆ ಹೋಗದಂತೆ ನೋಡಿಕೊಳ್ಳಿ.