ನೆಲದ ಸೇಬು: ಶೆಟ್ಟಿಹಳ್ಳಿ ಸೀಮೆಯ ಅನ್ನಪಾನಗಳ ಚರಿತ್ರೆ

೧

ಒಂದು ಸೀಮೆಯ ಚರಿತ್ರೆಯನ್ನು ಅಲ್ಲಿನ ಅನ್ನಪಾನಗಳ ಮೂಲಕ ತಿಳಿಯುವ ಕ್ರಮವು ಸೇಬು ಬೆಳೆಯುವ ನಾಡುಗಳಿಗೆ ಸುಲಭವಾಗಿ ಒಪ್ಪುತ್ತದೆ. ಫ್ರಾನ್ಸಿನ ನಾರ್ಮಂಡಿ ಪ್ರಾಂತದಲ್ಲಿ ತಿನ್ನುವ ಹಣ್ಣು, ಕುಡಿಯುವ ಹುಳಿಮದ್ಯ, ಅದನ್ನು ಬಟ್ಟಿಯಿಳಿಸಿದ ಸಾರಾಯಿ ಎಲ್ಲವೂ ಒಂದೇ ಮರದಿಂದ ಬಂದವು. ಹಾಸನದ ಸುತ್ತಲಿನ ಸೀಮೆಯಲ್ಲಿ ಸೇಬು ಬೆಳೆಯಲಿಲ್ಲ. ಆ ಮರವು ಬಯಸುವ ದೀರ್ಘವಾದ ಶೀತಕಾಲ ಇಲ್ಲಿಲ್ಲ. ಆದರೆ ಫ್ರೆಂಚರು ತಮ್ಮ ಭಾಷೆಯಲ್ಲಿ ‘ಪೊಮ್ ದ ತೇರ್’, ಅಂದರೆ ‘ನೆಲದ ಸೇಬು’ ಎಂದು ಕರೆಯುವ ಗೆಡ್ಡೆಯು ಈ ಸೀಮೆಯ ಕೆಮ್ಮಣ್ಣಿನಲ್ಲಿ ಚೆನ್ನಾಗಿ ನೆಲೆಯೂರಿದೆ. ಕರ್ನಾಟಕದ ಮುಂಗಾರು ಆಲೂಗೆಡ್ಡೆಗೆ ಹಾಸನವು ಬಹುಕಾಲ ಮುಖ್ಯ ಜಿಲ್ಲೆಯಾಗಿತ್ತು. ಈ ಪರದೇಶದ ಗೆಡ್ಡೆಯು ಇಲ್ಲಿನ ಊಟದಲ್ಲಿ ಯಾವ ಸ್ಥಾನವನ್ನು ಪಡೆಯಿತು, ಆ ಸ್ಥಾನದಿಂದ ಸೀಮೆಗೆ ಒದಗಿದ ಹಿತಾಹಿತಗಳೇನು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲು ಉದ್ದೇಶಿಸಿದ್ದೇವೆ.

ಶೆಟ್ಟಿಹಳ್ಳಿ ಎಂಬ ಹೆಸರಿನ ಊರುಗಳು ಹಳೆಯ ಮೈಸೂರಿನಲ್ಲಿ ಹಲವಿವೆ. ನಾವು ಇಲ್ಲಿ ಮುಂದಿಟ್ಟುಕೊಂಡಿರುವುದು ಹೇಮಾವತಿಯ ದಡದ, ಹಾಸನಕ್ಕೆ ಸುಮಾರು ೨೦ ಕಿಲೋಮೀಟರ್ ದೂರದ ಶೆಟ್ಟಿಹಳ್ಳಿಯನ್ನು. ೧೮೬೦ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಇಲ್ಲಿ ದೊಡ್ಡದೊಂದು ಇಗರ್ಜಿಯನ್ನು ಕಟ್ಟಿಸಿದರು. ಅದರ ಗಾರೆಗೆ ಬೆಲ್ಲವನ್ನೂ ಮೊಟ್ಟೆಯನ್ನೂ ಬೆರೆಸಿದ್ದರೆಂಬ ಮಾತು ಜನರಲ್ಲಿ ಪ್ರಚಲಿತವಾಗಿದೆ. ಸುಣ್ಣದ ಗಾರೆಗೆ ಇಂತಹ ವಸ್ತುಗಳನ್ನು ಸೇರಿಸುವುದು ದಕ್ಷಿಣ ದೇಶದ ಕಟ್ಟಡಗಾರರ ಹಳೆಯ ಪದ್ಧತಿಯಾದುದರಿಂದ ಈ ಮಾತನ್ನು ತಳ್ಳಿಹಾಕಲು ಕಾರಣವಿಲ್ಲ.

ಮೈಸೂರು ಸೀಮೆಯಲ್ಲಿ ಫ್ರೆಂಚ್ ಪಾದ್ರಿಗಳ ಕಾರ್ಯವು ಇದಕ್ಕೂ ಹಿಂದಿನದು. ಟಿಪ್ಪುವಿನ ಪತನಾನಂತರ ಇಲ್ಲಿ ನೆಲೆಸಿ ೧೮೨೩ರಲ್ಲಿ ಸ್ವದೇಶಕ್ಕೆ ಮರಳಿದ ಆಬೆ ದುಬೊಯಿ ಈ ದೇಶದ ಉಡುಪು ಮತ್ತು ಆಚಾರಗಳನ್ನು ತಾನೂ ಅನುಸರಿಸಿದನು. ಸಿಡುಬಿನ ವಿರುದ್ಧ ದೇವಿ ಹಾಕಿಸುವುದನ್ನು ಪ್ರಚಾರ ಮಾಡಿದನು. ಕ್ರೈಸ್ತ ರೈತರ ಬೇಸಾಯದ ನೆಲೆಗಳನ್ನು ಸ್ಥಾಪಿಸಿದನು. ಆದರೆ ಪಾದ್ರಿಗಳ ನಾಡಿನ ಊಟವು ಈ ಬಯಲಿನ ರೈತರ ಊಟವಾಗಲಿಲ್ಲ. ಗೋಧಿಯ ರೊಟ್ಟಿಯೂ ದ್ರಾಕ್ಷಾಮದ್ಯವೂ ಪೂಜಾವೇದಿಕೆಯ ಬಳಿಯೇ ಉಳಿದವು. ಮನೆಯ ಒಲೆಯ ಮೇಲೆ ರಾಗಿಯೇ ಬೇಯುತ್ತಿತ್ತು.

೨

ಈ ಸೀಮೆಯ ಊಟವನ್ನು ನಿರ್ಣಯಿಸುವುದು ಮೊದಲಾಗಿ ಮಳೆ. ಪಶ್ಚಿಮದ ಸಕಲೇಶಪುರದಲ್ಲಿ ವರ್ಷಕ್ಕೆ ೨೦೦೦ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಪೂರ್ವದ ಚನ್ನರಾಯಪಟ್ಟಣಕ್ಕೆ ಬರುವ ವೇಳೆಗೆ ಅದು ಮೂರನೆಯ ಒಂದು ಪಾಲಿನ ಆಸುಪಾಸಿಗೆ ಇಳಿಯುತ್ತದೆ. ಅದಕ್ಕೆ ತಕ್ಕಂತೆ ಅತ್ತ ಅಕ್ಕಿರೊಟ್ಟಿ, ಕಡುಬು. ಇತ್ತ ರಾಗಿಮುದ್ದೆ, ಹುರುಳಿಸಾರು, ಬಸ್ಸಾರು, ಹುಚ್ಚೆಳ್ಳಿನ ಚಟ್ನಿ, ಮಾಗಿಯ ಕಾಲಕ್ಕೆ ಅವರೆಕಾಳು. ಕುಡಿಯಲು ಮಜ್ಜಿಗೆ ಮತ್ತು ರಾಗಿಯ ಅಂಬಲಿ; ದುಡಿದು ಬಂದವರಿಗೆ ಈಚಲ ಹೆಂಡ.

ರಾಗಿಯ ಗುಣಗಳಲ್ಲಿ ಚರಿತ್ರಕಾರನು ಮುಖ್ಯವಾಗಿ ಗಮನಿಸಬೇಕಾದುದು ಅದರ ಬಾಳಿಕೆ. ಹಗೇವುಗಳಲ್ಲಿ ತುಂಬಿ ಬಾಯಿ ಮುಚ್ಚಿದ ರಾಗಿಯು ಹುಳು ಹಿಡಿಯದೆ ವರ್ಷಗಟ್ಟಲೆ ಉಳಿಯುತ್ತಿತ್ತು. ಒಂದು ವರ್ಷದ ಬೆಳೆ ಕೈಕೊಟ್ಟರೆ ಹಿಂದಿನ ವರ್ಷದ ಹಗೇವು ಮನೆಯನ್ನು ಕಾಯುತ್ತಿತ್ತು. ಈ ರಕ್ಷಣೆಗೂ ಮಿತಿಯುಂಟು. ಮಳೆಯು ಒಂದಾದ ಮೇಲೊಂದು ವರ್ಷ ತಪ್ಪಿದ ೧೮೭೬–೭೮ರ ಮಹಾಕ್ಷಾಮದಲ್ಲಿ ಹಗೇವುಗಳು ಬರಿದಾದವು. ೧೮೭೧ರಲ್ಲಿ ೫೦ ಲಕ್ಷವನ್ನು ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆಯು ೧೮೮೧ರ ಗಣತಿಯಲ್ಲಿ ಸುಮಾರು ೪೨ ಲಕ್ಷಕ್ಕೆ ಇಳಿದಿತ್ತು.

೩

ಆಲೂಗೆಡ್ಡೆಯ ಮೂಲ ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳು. ಅದು ನಮ್ಮ ಭಾಷೆಗೆ ಒಂದೇ ದಾರಿಯಿಂದ ಬರಲಿಲ್ಲವೆಂಬುದನ್ನು ಅದರ ಹೆಸರುಗಳೇ ಹೇಳುತ್ತವೆ. ಕರಾವಳಿಯ ‘ಬಟಾಟೆ’ಯು ಪೋರ್ತುಗೀಸರ ಮಾತು, ‘ಉರುಳಗೆಡ್ಡೆ’ಯು ತಮಿಳಿನ ನೆರೆಯಿಂದ ಬಂದುದು, ‘ಆಲೂ’ ಉತ್ತರದಿಂದ ಬಂದು ಕನ್ನಡದ ಗೆಡ್ಡೆಯೊಡನೆ ಕೂಡಿಕೊಂಡಿತು. ರಾಗಿಗಾಗಲಿ ಅವರೆಗಾಗಲಿ ಇಂತಹ ಎರವಲು ಹೆಸರುಗಳು ಬೇಕಾಗಲಿಲ್ಲ.

ಹಾಸನದಲ್ಲಿ ಈ ಬೆಳೆಯು ಮಳೆಯಾಶ್ರಯದ್ದು. ಮೇ ತಿಂಗಳ ಹದಮಳೆ ಬಿದ್ದೊಡನೆ ಗೆಡ್ಡೆಗಳನ್ನು ಕಣ್ಣು ಉಳಿಯುವಂತೆ ಹೋಳು ಮಾಡಿ ಸಾಲಿನಲ್ಲಿ ಬಿತ್ತುತ್ತಾರೆ. ಗಿಡಕ್ಕೆ ಮಣ್ಣು ಏರಿಸುತ್ತಾರೆ. ಸುಮಾರು ಮೂರು ತಿಂಗಳಿಗೆ ಅಗೆಯುತ್ತಾರೆ. ಅದೇ ಹೊಲದಲ್ಲಿ ಬಳಿಕ ರಾಗಿಯನ್ನೋ ಬೇರೆ ಬೆಳೆಯನ್ನೋ ಹಾಕಲು ಅವಕಾಶವಿರುತ್ತದೆ. ಹೀಗೆ ಹೊಸ ಬೆಳೆಯು ರಾಗಿಯನ್ನು ಹೊರದೂಡದೆ ಅದರ ಮುಂದಿನ ಬಿಡುವಿನಲ್ಲಿ ಸೇರಿಕೊಂಡಿತು. ಊಟದಲ್ಲಿಯೂ ಹೀಗೆಯೇ ಆಯಿತು. ಅದು ಪಲ್ಯವಾಯಿತು, ಸಾಗುವಾಯಿತು, ಹುಳಿಯ ಹೋಳಾಯಿತು, ಪಟ್ಟಣದ ಹೋಟೆಲಿನ ದೋಸೆಯೊಳಗೆ ಸೇರಿತು. ಮುದ್ದೆಯ ಸ್ಥಾನವನ್ನು ಮಾತ್ರ ಅದು ಎಂದೂ ಪಡೆಯಲಿಲ್ಲ.

ಈ ಅಂಶದ ಮಹತ್ವವು ಐರ್ಲೆಂಡಿನೊಡನೆ ಹೋಲಿಸಿದಾಗ ತಿಳಿಯುತ್ತದೆ. ಅಲ್ಲಿನ ಬಡರೈತನಿಗೆ ಆಲೂಗೆಡ್ಡೆಯು ಊಟದ ನಂಚಿಕೆಯಲ್ಲ, ಊಟವೇ ಆಗಿತ್ತು. ೧೮೪೫ರಲ್ಲಿ ಅಂಗಮಾರಿ ರೋಗವು ಗೆಡ್ಡೆಗಳನ್ನು ಕೊಳೆಯಿಸಿತು. ಕೆಲವೇ ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಅಷ್ಟೇ ಜನ ದೇಶ ಬಿಟ್ಟರು. ದವಸದಂತೆ ಕೂಡಿಡಲು ಬಾರದ ಆಹಾರವನ್ನೇ ನೆಚ್ಚಿದ್ದ ಸಮಾಜದಲ್ಲಿ ಹಿಂದಿನ ವರ್ಷದ ಹಗೇವು ಎಂಬುದು ಇರಲಿಲ್ಲ.

೪

ಅದೇ ರೋಗವು ಹಾಸನಕ್ಕೂ ಬಂದಿತು. ಇಲ್ಲಿನ ರೈತರು ಹೆಚ್ಚಾಗಿ ಬೆಳೆದ ತಳಿಯು ೧೯೬೮ರಲ್ಲಿ ಬಿಡುಗಡೆಯಾದ ಕುಫ್ರಿ ಜ್ಯೋತಿ. ಕುಫ್ರಿಯು ಶಿಮ್ಲಾದ ಸಮೀಪದ ಬೆಟ್ಟದೂರು. ಈಗ ಸೇಬಿಗೆ ಹೆಸರಾದ ಹಿಮಾಚಲ ಪ್ರದೇಶದ್ದು. ಕೇಂದ್ರ ಆಲೂಗೆಡ್ಡೆ ಸಂಶೋಧನಾ ಸಂಸ್ಥೆಯು ಅಂಗಮಾರಿಯನ್ನು ತಡೆಯುವ ಶಕ್ತಿಗಾಗಿ ಈ ತಳಿಯನ್ನು ರೂಪಿಸಿತ್ತು. ಕಾಲಕ್ರಮದಲ್ಲಿ ಆ ಶಕ್ತಿ ಕುಂದಿತು. ೨೦೦೦ರ ದಶಕದ ಕೊನೆಯಲ್ಲಿ ಯೂರೋಪಿನಲ್ಲಿ ಹಬ್ಬಿದ್ದ ರೋಗಾಣುವಿನ ಹೊಸದೊಂದು ಪೀಳಿಗೆಯು ದಕ್ಷಿಣ ಭಾರತದಲ್ಲಿ ಕಾಣಿಸಿಕೊಂಡು ಆಲೂಗೆಡ್ಡೆ, ಟೊಮೇಟೊ ಎರಡನ್ನೂ ಹಾಳುಮಾಡಿತು. ಮೋಡ ಮುಸುಕಿ ಸೋನೆ ಹಿಡಿದ ಆಷಾಢದ ದಿನಗಳು ರೋಗಕ್ಕೆ ಹೇಳಿಮಾಡಿಸಿದಂತಿದ್ದವು. ಎಲೆ ಸುಟ್ಟಂತೆ ಕಪ್ಪಾಗಿ, ಹೊಲಕ್ಕೆ ಹೊಲವೇ ಕೆಲವು ದಿನಗಳಲ್ಲಿ ನೆಲಕಚ್ಚಿತು.

ಆದರೂ ಹಾಸನವು ಐರ್ಲೆಂಡ್ ಆಗಲಿಲ್ಲ. ಮುದ್ದೆಯು ತಟ್ಟೆಯಲ್ಲಿಯೇ ಇದ್ದಿತು. ಇಲ್ಲಿ ಅಂಗಮಾರಿಯು ಹಸಿವಾಗಿ ಬರಲಿಲ್ಲ, ಸಾಲವಾಗಿ ಬಂದಿತು. ಕಾರಣವನ್ನು ಬಿತ್ತನೆಯಲ್ಲಿಯೇ ಕಾಣಬಹುದು. ಒಂದು ಎಕರೆಗೆ ಕೆಲವೇ ಸೇರು ರಾಗಿ ಸಾಕು, ಅದನ್ನು ಮನೆಯಲ್ಲಿಯೇ ತೆಗೆದಿಡಬಹುದು. ಆಲೂಗೆಡ್ಡೆಗಾದರೋ ಎಕರೆಗೆ ಹಲವು ಕ್ವಿಂಟಾಲ್ ಗೆಡ್ಡೆ ಬೇಕು. ಅದು ಪಂಜಾಬಿನ ಜಾಲಂಧರದಿಂದ ಲಾರಿಗಳಲ್ಲಿ ಹಾಸನದ ಮಾರುಕಟ್ಟೆಗೆ ಬರುತ್ತದೆ. ಹಣ ಕೊಟ್ಟೋ ಕಡ ತಂದೋ ಕೊಳ್ಳಬೇಕು. ಅನೇಕ ರೈತರು ಈ ಬೆಳೆಯನ್ನು ಬಿಟ್ಟು ಮುಸುಕಿನ ಜೋಳಕ್ಕೂ ಶುಂಠಿಗೂ ತಿರುಗಿದರು. ಅವೂ ಮುಖ್ಯವಾಗಿ ಮಾರಾಟದ ಬೆಳೆಗಳೇ.

ಪಾನೀಯದಲ್ಲಿಯೂ ಇಂತಹದೇ ನಿದರ್ಶನವಿದೆ. ಪಶ್ಚಿಮದ ಮಂಜರಾಬಾದಿನಲ್ಲಿ ಹತ್ತೊಂಬತ್ತನೆಯ ಶತಮಾನದಿಂದ ಹಬ್ಬಿದ ಕಾಫಿಯ ತೋಟಗಳು ಪರದೇಶದ ಮಾರುಕಟ್ಟೆಯನ್ನೇ ನೋಡಿಕೊಂಡಿದ್ದವು. ೧೯೩೦ರ ದಶಕದಲ್ಲಿ ಬೆಲೆ ಕುಸಿದಾಗ, ೧೯೩೫ರಲ್ಲಿ ಏರ್ಪಟ್ಟ ಕಾಫಿ ಸುಂಕ ಸಮಿತಿಯೂ ಅನಂತರದ ಕಾಫಿ ಮಂಡಲಿಯೂ ದೇಶದೊಳಗೆ ಕಾಫಿ ಕುಡಿಯುವ ರೂಢಿಯನ್ನು ಬೆಳೆಸಲು ತೊಡಗಿದವು. ಬಯಲಿನ ಹಳ್ಳಿಯ ಬೆಲ್ಲದ ಕಾಫಿಗೂ ದೂರದ ಪೇಟೆಯ ಏರಿಳಿತಕ್ಕೂ ಹೀಗೆ ನಂಟುಂಟು.

೫

ಶೆಟ್ಟಿಹಳ್ಳಿಯ ಹೊಲಗಳಿಗೆ ಒದಗಿದ ಗತಿ ಬೇರೆ. ೧೯೭೯ರಲ್ಲಿ ಗೊರೂರಿನ ಬಳಿ ಪೂರ್ಣಗೊಂಡ ಹೇಮಾವತಿ ಜಲಾಶಯವು ಸುಮಾರು ೩೭ ಟಿ.ಎಂ.ಸಿ. ನೀರನ್ನು ಹಿಡಿಯುತ್ತದೆ. ಆ ನೀರು ನಾಲೆಗಳಲ್ಲಿ ಹರಿದು ಹಾಸನ, ಮಂಡ್ಯ, ತುಮಕೂರು ಜಿಲ್ಲೆಗಳ ಭೂಮಿಯನ್ನು ತೋಯಿಸಿತು. ರಾಗಿಯ ಹೊಲಗಳೆಷ್ಟೋ ಗದ್ದೆಗಳಾಗಿ ಅನ್ನವು ಹಬ್ಬದ ಊಟದಿಂದ ದಿನದ ಊಟಕ್ಕೆ ಇಳಿದುಬಂದಿತು. ಹಿನ್ನೀರಿನ ಶೆಟ್ಟಿಹಳ್ಳಿಯಾದರೋ ನೆಲವನ್ನು ಕಳೆದುಕೊಂಡು ಬೇರೆಡೆಗೆ ಹೋಗಬೇಕಾಯಿತು. ಒಂದೂರಿಗೆ ಅನ್ನ ಕೊಟ್ಟ ನೀರು ಇನ್ನೊಂದೂರಿನ ಹೊಲವನ್ನು ನುಂಗಿದುದನ್ನು ಅನ್ನದ ಚರಿತ್ರೆಯು ಮರೆಯಲಾಗದು. ಮಳೆಗಾಲದಲ್ಲಿ ನೀರಿನಲ್ಲಿ ನಿಲ್ಲುವ, ಬೇಸಗೆಯಲ್ಲಿ ಕಾಣಿಸಿಕೊಳ್ಳುವ ಇಗರ್ಜಿಯನ್ನು ನೋಡಲು ಯಾತ್ರಿಕರು ಈಗ ಬರುತ್ತಾರೆ. ಅದರ ಸುತ್ತ ರಾಗಿಯ ಹೊಲಗಳಿದ್ದುವೆಂಬುದನ್ನು ಅವರಿಗೆ ಯಾರಾದರೂ ಹೇಳಬೇಕು.

ಮೇಲಿನ ವಿವೇಚನೆಯಿಂದ ನಮಗೆ ತೋರುವ ನಿರ್ಣಯವಿಷ್ಟು. ಪರದೇಶದ ಬೆಳೆಯೊಂದು ಸೀಮೆಗೆ ಬರುವುದರಿಂದ ಕೇಡಿಲ್ಲ. ಅದು ಹಳೆಯ ಆಹಾರದ ಪಕ್ಕದಲ್ಲಿ ಕುಳಿತರೆ ಊಟವು ಬೆಳೆಯುತ್ತದೆ. ಹಳೆಯ ಆಹಾರವನ್ನೇ ಎಬ್ಬಿಸಿ ಕುಳಿತರೆ ಒಂದು ರೋಗಕ್ಕೆ ಊರೇ ಬಲಿಯಾಗಬಹುದು. ಹಾಸನದ ರೈತನನ್ನು ಹಸಿವಿನಿಂದ ಕಾಯ್ದದ್ದು ರಾಗಿ. ಸಾಲದಿಂದ ಕಾಯುವ ಶಕ್ತಿ ರಾಗಿಗಿಲ್ಲ. ನೆರೆಮನೆಯ ಬೀಜವನ್ನು ಬಿಟ್ಟು ದೂರದ ಪೇಟೆಯ ಬೀಜವನ್ನು ನೆಚ್ಚಿದ ಬೇಸಾಯಕ್ಕೆ ಬೇಕಾದ ಹೊಸ ಬಗೆಯ ಹಗೇವು ಯಾವುದೆಂಬ ಪ್ರಶ್ನೆಯನ್ನು ಈ ಸೀಮೆಯ ಚರಿತ್ರೆಯು ನಮ್ಮ ಮುಂದೆ ಇಡುತ್ತದೆ.