ಮಾರಿಕುಪ್ಪಂನಿಂದ ಬೌರಿಂಗ್‌ವರೆಗೆ: ಎಚ್‌ಐವಿ ಚಿಕಿತ್ಸೆ ತಡವಾದ ಬಗೆ

‘ರೋಗಿ ತಡವಾಗಿ ಬಂದಿದ್ದಾರೆ’ ಎಂಬ ಸಾಲು ಎಚ್‌ಐವಿ ಕಡತಗಳಲ್ಲಿ ಎಷ್ಟು ಸಲೀಸಾಗಿ ಬೀಳುತ್ತದೆಂದರೆ, ಬರೆದವರಾಗಲಿ ಓದಿದವರಾಗಲಿ ಅಲ್ಲಿ ಒಂದು ಗಳಿಗೆಯೂ ನಿಲ್ಲುವುದಿಲ್ಲ. ಈಚಿನ ಕಾರ್ಯಾಗಾರಗಳಲ್ಲಿ ಇದಕ್ಕೆ ಇನ್ನೊಂದು ಮಾತು ಜೊತೆಗೂಡಿದೆ: ಸೋಂಕು ಪತ್ತೆಯಾದ ಎಲ್ಲರಿಗೂ ಮಾತ್ರೆ ಕೊಡುವ ನೀತಿ 2017ರಲ್ಲೇ ಬಂದಾಗಿದೆ, ಇನ್ನು ಉಳಿದಿರುವುದು ಜನರ ಅರಿವಿನ ಕೊರತೆ ಮಾತ್ರ. ಬಂಗಾರಪೇಟೆ–ಕೆಜಿಎಫ್ ಸೀಮೆಯಲ್ಲಿ ಬಹುಕಾಲ ಈ ಕೆಲಸ ಮಾಡಿಕೊಂಡು ಬಂದ ನನಗೆ ಇದು ಒಪ್ಪಿಗೆಯಾಗುವ ಮಾತಲ್ಲ. ಚಿಕಿತ್ಸೆ ತಡವಾಗುವುದಕ್ಕೂ ಒಂದು ಚರಿತ್ರೆ ಇದೆ. ಅದರಲ್ಲಿ ರೋಗಿಯ ಪಾತ್ರ ಎಲ್ಲರೂ ಹೇಳುವಷ್ಟು ದೊಡ್ಡದಲ್ಲ.

ಮೊದಲ ಘಟ್ಟವನ್ನು ಬೇಗ ದಾಟಬಹುದು. 1986ರಲ್ಲಿ ಚೆನ್ನೈನಲ್ಲಿ ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ದೇಶದ ಮೊದಲ ಪ್ರಕರಣಗಳನ್ನು ಪತ್ತೆ ಮಾಡಿದರು. 1992ರಲ್ಲಿ ರಾಷ್ಟ್ರೀಯ ನಿಯಂತ್ರಣ ಕಾರ್ಯಕ್ರಮ ಬಂತು, 1997ರಲ್ಲಿ ಕರ್ನಾಟಕ ರಾಜ್ಯ ಏಡ್ಸ್ ಪ್ರಿವೆನ್ಷನ್ ಸೊಸೈಟಿ. ಅಷ್ಟೂ ವರ್ಷ ಗೋಡೆಬರಹ, ಕರಪತ್ರ, ಹೆದರಿಸುವ ಬೀದಿನಾಟಕ. ಮೂರು ಔಷಧಗಳನ್ನು ಕೂಡಿಸಿ ಕೊಟ್ಟರೆ ಜೀವ ಉಳಿಯುತ್ತದೆಂದು 1996ರಲ್ಲೇ ಜಗತ್ತಿಗೆ ತಿಳಿದಿತ್ತು. ಆದರೆ ವರ್ಷಕ್ಕೆ ಹತ್ತು ಸಾವಿರ ಡಾಲರಿಗೂ ಹೆಚ್ಚು ಬೀಳುತ್ತಿದ್ದ ಆ ಔಷಧದ ಹೆಸರನ್ನು ಇಲ್ಲಿ ಎತ್ತುವವರೇ ಇರಲಿಲ್ಲ. 2001ರಲ್ಲಿ ಸಿಪ್ಲಾದ ಯೂಸುಫ್ ಹಮೀದ್ ಅದನ್ನು ವರ್ಷಕ್ಕೆ 350 ಡಾಲರಿಗೆ ಕೊಡುತ್ತೇನೆಂದ ಮೇಲೆ ಲೆಕ್ಕಾಚಾರವೇ ಬದಲಾಯಿತು. ಅದಕ್ಕೂ ಮೊದಲು ಬೆಂಗಳೂರಿನಲ್ಲಿ ಸಂರಕ್ಷ, ಫ್ರೀಡಂ ಫೌಂಡೇಷನ್, ಸ್ನೇಹದಾನ್‌ನಂಥ ಬೆರಳೆಣಿಕೆಯ ಸಂಸ್ಥೆಗಳು ಜನರ ಪಕ್ಕ ಕೂತು ಮಾತಾಡುವ, ಸಾಯುವವರನ್ನು ಘನತೆಯಿಂದ ನೋಡಿಕೊಳ್ಳುವ ಕೆಲಸ ಮಾಡುತ್ತಿದ್ದವು. ಪರೀಕ್ಷೆ ಮಾಡಿಸಿಕೊಂಡರೂ ಕೈಗೆ ಒಂದು ಮಾತ್ರೆಯೂ ಸಿಗದ ಆ ದಿನಗಳಲ್ಲಿ ಪರೀಕ್ಷೆಯನ್ನು ಮುಂದಕ್ಕೆ ಹಾಕಿದವರನ್ನು ಅಜ್ಞಾನಿಗಳೆಂದು ನಾನು ಕರೆಯಲಾರೆ.

ನಮ್ಮ ಸೀಮೆಗೆ ಇದೇ ಹೊತ್ತಿನಲ್ಲಿ ಇನ್ನೊಂದು ಪೆಟ್ಟು ಬಿತ್ತು. 2001ರ ಫೆಬ್ರುವರಿ 28ರಂದು ಕೆಜಿಎಫ್‌ನ ಚಿನ್ನದ ಗಣಿ ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿತು. ನೂರಿಪ್ಪತ್ತು ವರ್ಷ ಆ ಊರಿಗೆ ಕೂಲಿ, ನೀರು, ಕರೆಂಟು, ಮನೆ, ಆಸ್ಪತ್ರೆ ಎಲ್ಲವನ್ನೂ ಕೊಟ್ಟಿದ್ದು ಗಣಿ ಕಂಪನಿ. ಗಣಿಯ ಜೊತೆಗೆ ಚಾಂಪಿಯನ್ ರೀಫ್ಸ್‌ನ ಗಣಿ ಆಸ್ಪತ್ರೆಯೂ ಸೊರಗಿತು. ಗಣಿಕಾರ್ಮಿಕರ ಲೈನ್ ಮನೆಗಳ ಮಕ್ಕಳು ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿನಲ್ಲಿ ಕೆಲಸ ಹುಡುಕತೊಡಗಿದರು. ಬೆಳಕು ಹರಿಯುವ ಮುಂಚೆ ಹೊರಟು ರಾತ್ರಿ ಮನೆ ಸೇರುವ ಈ ಓಡಾಟವೇ ಚಿಕಿತ್ಸೆಯ ಮುಂದಿನ ಕಥೆಗೆಲ್ಲ ಹಿನ್ನೆಲೆ. ಅವರು ಊರಲ್ಲಿರುವ ಹೊತ್ತಿನಲ್ಲಿ ಊರಿನ ಪರೀಕ್ಷಾ ಕೇಂದ್ರಕ್ಕೆ ಬೀಗ ಬಿದ್ದಿರುತ್ತದೆ.

2004ರ ಏಪ್ರಿಲ್ 1ರಂದು ಸರ್ಕಾರ ಉಚಿತ ಎಆರ್‌ಟಿ (ಎಚ್‌ಐವಿ ತಡೆಯುವ ಔಷಧ ಚಿಕಿತ್ಸೆ) ಆರಂಭಿಸಿತು. ಮೊದಲಿಗೆ ಇಡೀ ದೇಶದಲ್ಲಿ ಎಂಟೇ ಆಸ್ಪತ್ರೆ, ಕರ್ನಾಟಕದ ಪಾಲಿಗೆ ಬೆಂಗಳೂರಿನ ಬೌರಿಂಗ್. ಬಂಗಾರಪೇಟೆಯ ಹಳೆಯ ಹೆಸರು ಬೌರಿಂಗ್‌ಪೇಟೆ. ಊರಿಗೂ ಆಸ್ಪತ್ರೆಗೂ ಹೆಸರು ಕೊಟ್ಟವನು ಮೈಸೂರಿನ ಕಮಿಷನರ್ ಲೆವಿನ್ ಬೌರಿಂಗ್ ಒಬ್ಬನೇ. ಆ ನಂಟಿನಿಂದ ನಮ್ಮವರಿಗೆ ದಾರಿಯೇನೂ ಹತ್ತಿರವಾಗಲಿಲ್ಲ. ಕಂಟೋನ್ಮೆಂಟಿನಲ್ಲಿ ಇಳಿದು ಶಿವಾಜಿನಗರಕ್ಕೆ ನಡೆದು, ಚೀಟಿ ಮಾಡಿಸಿ, ರಕ್ತ ಕೊಟ್ಟು, ರೋಗನಿರೋಧಕ ಕಣಗಳ ಲೆಕ್ಕವಾದ ಸಿಡಿ4 ಎಣಿಕೆ ಬರುವ ದಿನ ಮತ್ತೆ ಹೋಗಬೇಕು. ಪ್ರತಿ ಸಲವೂ ಒಂದು ದಿನದ ಕೂಲಿ ಖೋತಾ.

ಆಗಿನ ನಿಯಮದಂತೆ, ತೀವ್ರ ಕಾಯಿಲೆ ಕಾಣದವರಿಗೆ ಸಿಡಿ4 200ಕ್ಕಿಂತ ಕೆಳಗಿಳಿದ ಮೇಲೆ ಮಾತ್ರ ಔಷಧ. 200ಕ್ಕಿಂತ ಸ್ವಲ್ಪ ಮೇಲಿದ್ದ ಮನುಷ್ಯನನ್ನು ‘ನೀವಿನ್ನೂ ಚೆನ್ನಾಗಿದ್ದೀರಿ, ಆರು ತಿಂಗಳು ಬಿಟ್ಟು ಬನ್ನಿ’ ಎಂದು ಕಳಿಸುತ್ತಿದ್ದೆವು. ಆತ ಬರುತ್ತಿರಲಿಲ್ಲ. ಬಂದರೆ ಕ್ಷಯದೊಂದಿಗೋ, ಮೆದುಳಿಗೆ ಏರಿದ ಸೋಂಕಿನೊಂದಿಗೋ ಬರುತ್ತಿದ್ದ. ಆಗ ಕಡತದಲ್ಲಿ ಬೀಳುತ್ತಿದ್ದುದು ಅದೇ ಸಾಲು: ತಡವಾಗಿ ಬಂದಿದ್ದಾರೆ.

ಹಾಗೆಂದು ಆ ಕಾಲವನ್ನು ಪೂರ್ತಿ ಹಳಿಯುವಂತಿಲ್ಲ. 2007ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದ ಮೂರನೇ ಹಂತ ಈ ಕ್ಷೇತ್ರ ಕಂಡ ಅತ್ಯುತ್ತಮ ವರ್ಷಗಳನ್ನು ಕೊಟ್ಟಿತೆಂದೇ ನನ್ನ ನಂಬಿಕೆ. ಜಿಲ್ಲೆಗಳಲ್ಲಿ ಎಆರ್‌ಟಿ ಕೇಂದ್ರಗಳಾದವು. ನಮ್ಮವರಿಗೆ ಕೋಲಾರದ ಎಸ್‌ಎನ್‌ಆರ್ ಆಸ್ಪತ್ರೆಯಲ್ಲೇ ಮಾತ್ರೆ ಸಿಗುವಂತಾಯಿತು. ದೂರದ ತಾಲ್ಲೂಕುಗಳಿಗಾಗಿ ಲಿಂಕ್ ಎಆರ್‌ಟಿ ಕೇಂದ್ರದ ಯೋಜನೆ ಬಂತು. ಸಮುದಾಯ ಆರೈಕೆ ಕೇಂದ್ರಗಳಲ್ಲಿ ಹೊಸಬರನ್ನು ಕೆಲವು ದಿನ ಉಳಿಸಿಕೊಂಡು, ಊಟ ಹಾಕಿ, ಮಾತ್ರೆಯ ವಾಂತಿ ತಲೆಸುತ್ತುಗಳ ನಡುವೆ ಕೈ ಹಿಡಿದು ನಡೆಸುತ್ತಿದ್ದರು. ಎಲ್ಲಕ್ಕಿಂತ ಮುಖ್ಯವಾಗಿ, ಸೋಂಕಿತರೇ ಕಟ್ಟಿಕೊಂಡ ಸಂಘಗಳಿದ್ದವು. ಆಪ್ತಸಮಾಲೋಚಕಿ ಗಂಟೆಗಟ್ಟಲೆ ಹೇಳಿ ಮುಟ್ಟಿಸಲಾಗದ್ದನ್ನು, ಎರಡು ವರ್ಷದಿಂದ ಮಾತ್ರೆ ನುಂಗುತ್ತಾ ಬಟ್ಟೆ ವ್ಯಾಪಾರ ಮಾಡಿಕೊಂಡಿದ್ದ ಒಬ್ಬ ಹೆಂಗಸು ‘ನೋಡಮ್ಮ, ನಾನಿದೀನಲ್ಲ’ ಎಂಬ ಒಂದು ಮಾತಿನಲ್ಲಿ ಮುಟ್ಟಿಸುತ್ತಿದ್ದಳು. ಮೊಬೈಲ್ ಕರೆಯಿಂದ ಮಾತ್ರೆ ನೆನಪಿಸಿದರೆ ಫಲಿತಾಂಶ ಸುಧಾರಿಸುವುದೇ ಎಂದು ಸೇಂಟ್ ಜಾನ್ಸ್‌ನ ಅನಿತಾ ಶೇಟ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗ 2014ರಲ್ಲಿ ಪ್ರಕಟವಾಯಿತು. ಗಣನೀಯ ವ್ಯತ್ಯಾಸವೇನೂ ಕಾಣಲಿಲ್ಲ. ನನಗೆ ಅಚ್ಚರಿಯಾಗಲಿಲ್ಲ.

ಆ ವ್ಯವಸ್ಥೆಯಲ್ಲೂ ಒಂದು ಕೊಕ್ಕೆ ಇತ್ತು. ಔಷಧಕ್ಕೆ ‘ಸಿದ್ಧ’ರಾಗಬೇಕು ಎಂಬ ತತ್ವ. ಮೇಲಿಂದ ಮೇಲೆ ಸಮಾಲೋಚನೆ, ವಿಳಾಸದ ದಾಖಲೆ, ಅನೇಕ ಕಡೆ ಮನೆಯವರೊಬ್ಬರು ಜೊತೆಗೆ ಬರಲೇಬೇಕೆಂಬ ಹಟ. ಗಂಡ ತೀರಿಕೊಂಡು ಅತ್ತೆಮನೆಯಲ್ಲಿ ಬಾಯಿಬಿಡಲಾಗದ ಹೆಂಗಸು ಯಾರನ್ನು ಕರೆತರಬೇಕು?

ಈ ದಾರಿಯನ್ನು ಅಳೆದ ಕೆಲಸಗಳಲ್ಲಿ ನಾನು ಅತಿ ಹೆಚ್ಚು ಬೆಲೆ ಕೊಡುವುದು 2013ರಲ್ಲಿ ಡಾ. ಸುರೇಶ್ ಶಾಸ್ತ್ರಿ ಮತ್ತು ಸಂಗಡಿಗರು ರಾಜ್ಯದ ಆರು ಜಿಲ್ಲೆಗಳ ದಾಖಲೆ ಹಿಡಿದು ಪ್ರಕಟಿಸಿದ ಅಧ್ಯಯನಕ್ಕೆ. ಸೋಂಕು ಪತ್ತೆಯಾದ 2,291 ಜನರಲ್ಲಿ ಎಆರ್‌ಟಿ ಕೇಂದ್ರ ತಲುಪಿದವರು 1,829. ಔಷಧಕ್ಕೆ ಅರ್ಹರೆಂದು ಕಂಡವರು 1,166, ಆರಂಭಿಸಿದವರು 959. ಎರಡು ಮೆಟ್ಟಿಲಲ್ಲಿ ಸೇರಿ 669 ಜನ ಕಳೆದುಹೋದರು, ನೂರಕ್ಕೆ 29. ಕೇಂದ್ರಕ್ಕೇ ಬಾರದವರ ವಿಚಾರದಲ್ಲಿ ಕೊಟ್ಟ ಮುಖ್ಯ ಕಾರಣಗಳು ಮೂರು: ಸಾವು, ವಲಸೆ, ಹೋಗಲು ಒಲ್ಲದಿರುವುದು. ಈ ‘ಒಲ್ಲದಿರುವುದು’ ಎಂಬ ಕಾಲಂನ ಒಳಗೆ ಏನೇನು ತುಂಬಿದೆ ಎಂಬುದಕ್ಕೆ ಅದೇ ವರ್ಷ ವೇಯ್ನ್ ಸ್ಟುವರ್ಡ್, ಮರಿಯಾ ಎಕ್‌ಸ್ಟ್ರಾಂಡ್ ಮೊದಲಾದವರು ಬೆಂಗಳೂರು ಮತ್ತು ಮುಂಬೈಯಲ್ಲಿ ನಡೆಸಿದ ಅಧ್ಯಯನ ಉತ್ತರ ಕೊಟ್ಟಿತು. ಕಳಂಕದ ಭಯ ಮೊದಲು ರೋಗವನ್ನು ಮುಚ್ಚಿಡಿಸುತ್ತದೆ, ಮನಸ್ಸನ್ನು ಖಿನ್ನತೆಗೆ ನೂಕುತ್ತದೆ, ಆ ಎರಡರ ಮೂಲಕ ಆಸ್ಪತ್ರೆಯ ದಾರಿಯನ್ನು ತಡಮಾಡಿಸುತ್ತದೆ. ಕರಪತ್ರ ಹಂಚಿ ಕಳೆಯಬಹುದಾದ ಅಜ್ಞಾನ ಅದಲ್ಲ.

ಆಮೇಲಿನದು ವೇಗದ ಕಾಲ. ಬೇಗ ಔಷಧ ಕೊಟ್ಟರೆ ಸಂಗಾತಿಗೆ ಸೋಂಕು ದಾಟುವುದು ಶೇ 96ರಷ್ಟು ತಗ್ಗುತ್ತದೆಂದು 2011ರಲ್ಲಿ, ಕಾಯುವುದರಿಂದ ರೋಗಿಗೇ ಕೇಡೆಂದು 2015ರಲ್ಲಿ ದೊಡ್ಡ ಪ್ರಯೋಗಗಳು ತೋರಿಸಿಕೊಟ್ಟವು. ಸಿಡಿ4ರ ಗೆರೆ 350ಕ್ಕೆ, 500ಕ್ಕೆ ಏರಿ, 2017ರಲ್ಲಿ ಅಳಿಸಿಯೇ ಹೋಯಿತು. 2018ರ ಸೆಪ್ಟೆಂಬರಿನಲ್ಲಿ ತಾರತಮ್ಯ ತಡೆಯುವ ಕಾಯ್ದೆ ಜಾರಿಯಾಯಿತು. ಈಗ ದಿನಕ್ಕೊಂದೇ ಮಾತ್ರೆ, ಡೊಲುಟೆಗ್ರಾವಿರ್ ಇರುವಂಥದ್ದು. ಪತ್ತೆಯಾದ ವಾರದೊಳಗೆ, ಸಾಧ್ಯವಾದರೆ ಅಂದೇ, ಶುರು ಮಾಡಬಹುದು. ಇವೆಲ್ಲ ನಿಜವಾದ ಗೆಲುವುಗಳೇ. ಆದರೆ ಗೆರೆ ಏರುತ್ತಿದ್ದ ಹೊತ್ತಿನಲ್ಲೇ ಸಮುದಾಯ ಆರೈಕೆ ಕೇಂದ್ರಗಳ ಹಾಸಿಗೆಗಳು ಹೋದವು. 2013ರಿಂದ ಅವುಗಳ ಜಾಗಕ್ಕೆ ಹಾಸಿಗೆಯಿಲ್ಲದ ಬೆಂಬಲ ಕೇಂದ್ರಗಳು ಬಂದವು. ಆರೋಗ್ಯವಾಗಿರುವಾಗಲೇ ಬರುವವರಿಗೆ ಇದರಿಂದ ನಷ್ಟವಿಲ್ಲ. ತೀರಾ ಸೊರಗಿ ಬರುವವರಿಗೆ ಮಾತ್ರ ಎದ್ದು ಕೂರುವವರೆಗೆ ಇರಲು ಒಂದು ಜಾಗ ಇಲ್ಲವಾಯಿತು.

ಅಂಥವರು ಇಂದಿಗೂ ಇದ್ದಾರೆ. ಕೆಜಿಎಫ್‌ನ ಮಟ್ಟಿಗೆ ಅವರು ಯಾರೆಂದು ನಾವು ಸರಿಯಾಗಿ ಕೇಳಿಯೇ ಇಲ್ಲ. ನನ್ನ ಮೇಜಿನ ಮೇಲಿರುವ ಅಧ್ಯಯನಗಳು ಪರೀಕ್ಷೆ ಮಾಡಿಸಿಕೊಂಡವರಿಂದ, ಇಲ್ಲವೇ ಆಸ್ಪತ್ರೆಯ ಬಾಗಿಲಿಗೆ ಬಂದವರಿಂದ ಎಣಿಕೆ ಶುರು ಮಾಡುತ್ತವೆ. ಬೆಂಗಳೂರಿನಲ್ಲಿ ಪರೀಕ್ಷೆ ಮಾಡಿಸಿಕೊಂಡು ಆಂಡರ್‌ಸನ್‌ಪೇಟೆಯಲ್ಲಿ ಮಲಗುವವನನ್ನು ಬೆಂಗಳೂರಿನವರು ಕೋಲಾರದ ಪಾಲಿಗೆ ಬರೆಯುತ್ತಾರೆ; ಕೋಲಾರದವರಿಗೆ ಅವನ ಹೆಸರೇ ಗೊತ್ತಿರುವುದಿಲ್ಲ. ಲೈನ್ ಮನೆಗಳಲ್ಲಿ ತಮಿಳು, ಆಂಧ್ರದ ಗಡಿ ಕಡೆ ತೆಲುಗು, ಆಪ್ತಸಮಾಲೋಚನೆಯ ಪಟಗಳೆಲ್ಲ ಕನ್ನಡ. ಕನ್ನಡದ ಮೇಲಿನ ಅಭಿಮಾನಕ್ಕೆ ಕುಂದಿಲ್ಲದಂತೆಯೇ ಈ ಮಾತು ಹೇಳುತ್ತಿದ್ದೇನೆ.

ಇನ್ನು ದೂಳು. 1940ರ ದಶಕದ ಸಮೀಕ್ಷೆಯಲ್ಲೇ ಈ ಗಣಿಯ ಪರೀಕ್ಷಿತ ಕೆಲಸಗಾರರಲ್ಲಿ ಶೇ 40ಕ್ಕೂ ಮೀರಿ ಸಿಲಿಕೋಸಿಸ್ (ದೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ) ಕಂಡಿತ್ತು. ಅಂಥ ಊರಿನಲ್ಲಿ ಹಳೆಯ ಗಣಿಕಾರ್ಮಿಕ ಕೆಮ್ಮಿದರೆ, ತೂಕ ಇಳಿದರೆ, ಕಾರಣ ಮೊದಲೇ ಸಿದ್ಧವಾಗಿರುತ್ತದೆ: ಗಣಿ ದೂಳು. ರಾಬರ್ಟ್‌ಸನ್‌ಪೇಟೆಯ ಕ್ಲಿನಿಕ್ಕಿನಲ್ಲಿ ಎಕ್ಸ್‌ರೇ ತೆಗೆಸಿ, ಕೆಮ್ಮಿನ ಔಷಧ ಬರೆಸಿಕೊಂಡು ಮನೆಗೆ ಬರುತ್ತಾನೆ. ಕ್ಷಯರೋಗಿಗಳಿಗೆಲ್ಲ ಎಚ್‌ಐವಿ ಪರೀಕ್ಷೆ ಮಾಡುವ ಪದ್ಧತಿ ಕರ್ನಾಟಕದಲ್ಲಿ 2008ರ ಸುಮಾರಿಗೇ ನೆಲೆಯೂರಿತು. ಆದರೆ ಕಫದಲ್ಲಿ ಕ್ಷಯ ಕಾಣದೆ, ಎಕ್ಸ್‌ರೇ ಕಲೆಯನ್ನು ದೂಳಿನ ಲೆಕ್ಕಕ್ಕೆ ಬರೆದವನ ಹೆಸರು ಕ್ಷಯದ ವಹಿಗೆ ಏರುವುದಿಲ್ಲ. ಏರದಿದ್ದರೆ ಆ ಪರೀಕ್ಷೆಯೂ ಇಲ್ಲ. ಅರವತ್ತರ ಮುದುಕನಿಗೆ ಎಚ್‌ಐವಿ ಪರೀಕ್ಷೆಗೆ ಹೇಳಲು ಡಾಕ್ಟರಿಗೂ ಸಂಕೋಚ. ಅವನ ಹೆಂಡತಿಯ ಸರದಿ ಬರುವುದು ಅವನು ಹೋದ ಮೇಲೆ.

ಕೆಜಿಎಫ್ ಸರ್ಕಾರಿ ಆಸ್ಪತ್ರೆಯ ಎದೆರೋಗದ ಹೊರರೋಗಿ ಚೀಟಿಯಲ್ಲಿ ‘ಗಣಿಯಲ್ಲಿ ಕೆಲಸ ಮಾಡಿದ್ದೀರಾ?’ ಎಂಬ ಪ್ರಶ್ನೆಯ ಪಕ್ಕದಲ್ಲೇ ‘ಎಚ್‌ಐವಿ ಪರೀಕ್ಷೆ ಆಗಿದೆಯೇ?’ ಎಂಬುದನ್ನೂ ಅಚ್ಚು ಮಾಡಿಸಬಹುದು. ಪರೀಕ್ಷಾ ಕೇಂದ್ರವನ್ನು ವಾರದಲ್ಲಿ ಎರಡು ಸಂಜೆಯಾದರೂ ಬೆಂಗಳೂರಿನ ರೈಲು ಬಂದ ಮೇಲೆ ತೆರೆದಿಡಬಹುದು. ಇವೆರಡಕ್ಕೂ ದೆಹಲಿಯಿಂದ ಹೊಸ ಮಾರ್ಗಸೂಚಿ ಬರುವವರೆಗೆ ಕಾಯಬೇಕಿಲ್ಲ.